ಮಫ್ಲರ್ ಸುತ್ತಿಕೊಂಡ ದೆವ್ವ

ದೆವ್ವ ಭೂತಗಳಿಗಿಂತ ನನಗೆ ಚಾರ್ಟ್ ಪೇಪರ್ ಕಂಡರೆ ಹೆಚ್ಚು ಭಯ. ದೆವ್ವವಾದರೂ ಯಾವುದೋ ಹುಣಸೆಮರದಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ. ಚಾರ್ಟ್ ಪೇಪರ್ ಸುರುಳಿ ಸುತ್ತಿಕೊಂಡು ನೇರ ಮನೆಯೊಳಗೇ ಬರುತ್ತದೆ. ಅದರ ಹಿಂದೆ ಗಮ್ಮು, ಕತ್ತರಿ, ಮಿಂಚುವ ಕಾಗದ, ಕೊನೆಗೆ ಹೆಂಡತಿಯ ನಿಟ್ಟುಸಿರು. ಚಿಕ್ಕ ಮಕ್ಕಳನ್ನು ಶಾಲೆಗೆ ಸೇರಿಸಿದ ಯಾವ ತಂದೆಯನ್ನು ಬೇಕಾದರೂ ಕೇಳಿ ನೋಡಿ, ಹೌದು ಅನ್ನುತ್ತಾನೆ. ಆಗ ನಾನು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಬೇರೆಯವರು ಮಾಡಿದ ಸಾಮಾನಿನಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಅದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ನೀನೇ ಒಂದು ಮಾಡಿ ತೋರಿಸು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನನಗೆ ಒಳ್ಳೆಯ ಹೆಸರು ಉಳಿದಿದ್ದೂ ಅದರಿಂದಲೇ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವು ಲಿಂಗರಾಜಪುರದಲ್ಲಿದ್ದೆವು. ನಾನು, ಹೆಂಡತಿ ವಸುಧಾ, ಇನ್ನೂ ಐದು ತುಂಬದ ಮಗಳು ಅಮ್ಮು, ನನ್ನ ಅಮ್ಮ. ವಸುಧಾ ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ಅದರ ಪಕ್ಕದಲ್ಲೇ ಇದ್ದ ಪ್ಲೇಸ್ಕೂಲಿಗೆ ಅಮ್ಮುವನ್ನು ಸೇರಿಸಿದ್ದೆವು. ಅಲ್ಲಿಯವರೆಗೆ ನಮ್ಮ ಮನೆಯ ವೇಷಗಳೆಲ್ಲ ಸುಲಭದವು. ನವಿಲುಗರಿ ಸಿಕ್ಕಿಸಿದರೆ ಕೃಷ್ಣ, ಹಸಿರು ಫ್ರಾಕು ಹಾಕಿದರೆ ಬೆಂಡೆಕಾಯಿ. ಅಕ್ಟೋಬರಿನ ಒಂದು ಸಂಜೆ ವಸುಧಾ ಮನೆಗೆ ಬಂದವಳೇ, "ರೀ, ಬರೋ ವಾರ ಸ್ಕೂಲಲ್ಲಿ ಹ್ಯಾಲೋವೀನ್ ಅಂತೆ. ಎಲ್ಲಾ ಮಕ್ಕಳೂ ದೆವ್ವದ ವೇಷ ಹಾಕ್ಕೊಂಡು ಬರ್ಬೇಕಂತೆ. ಬಾಡಿಗೆಗೆ ತರೋ ಹಾಗಿಲ್ಲ, ಮನೇಲೇ ಮಾಡ್ಬೇಕಂತೆ" ಎಂದಳು.

ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿದಳು. "ಹಾಲು ವೀಣೆನಾ? ಅದೇನೋ ಅದು?"

"ದೆವ್ವದ ಹಬ್ಬ ಕಣಮ್ಮ. ಅಮೆರಿಕಾದವರದ್ದು."

"ಇಲ್ಲಿರೋ ದೆವ್ವಗಳು ಸಾಲ್ದು ಅಂತ ಅಲ್ಲಿಂದ ಬೇರೆ ತರಿಸ್ಕೊತಾವ್ರಾ?" ಎಂದು ಅಮ್ಮ ಮತ್ತೆ ಸೊಪ್ಪಿನ ಕಡೆ ತಿರುಗಿದಳು.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು ಇಮ್ತಿಯಾಜ್, ಫ್ರೇಜರ್ ಟೌನಿನವನು. ಯಾವ ಕಷ್ಟ ಹೇಳಿಕೊಂಡರೂ ಟೀ ಮುಗಿಯುವುದರೊಳಗೆ ಪರಿಹಾರ ಕೊಡುವ ಮನುಷ್ಯ. "ಇದಕ್ಯಾಕೆ ತಲೆ ಕೆಡಿಸ್ಕೋತೀಯ ಗುರು? ಒಂದು ಬಿಳೀ ಬೆಡ್‌ಶೀಟ್ ತಗೋ, ಕಣ್ಣಿಗೆ ಎರಡು ತೂತು ಮಾಡು, ಬಸ್, ದೆವ್ವ ರೆಡಿ" ಎಂದ. ಆ ಸಂಜೆಯೇ ಬೀರುವಿನಿಂದ ಬಿಳಿ ಬೆಡ್‌ಶೀಟು ತೆಗೆದು, ಅಮ್ಮುವಿನ ಎರಡು ಕಣ್ಣುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದೆ. ಉಕ್ಕಿನ ಸಾಮಾನು ಅಳೆಯುವಾಗ ಅದು ಕಿಲಕಿಲ ನಗುವುದಿಲ್ಲ, ಅಲ್ಲಾಡುವುದೂ ಇಲ್ಲ. ಹೀಗಾಗಿ ಒಂದು ತೂತು ಕಿವಿಯ ಹತ್ತಿರ ಬಂತು, ಇನ್ನೊಂದು ಮೂಗಿನ ಮೇಲೆ ಬಂತು. ಸರಿಪಡಿಸಲು ಮೂರನೆಯದನ್ನು ಕತ್ತರಿಸಿದೆ. ಆ ತೂತಿನಿಂದ ಅಮ್ಮು ಕನ್ನಡಿಯಲ್ಲಿ ತನ್ನನ್ನು ತಾನು ನೋಡಿ ಚಿಟ್ಟನೆ ಚೀರಿ ಅಜ್ಜಿಯ ಮಡಿಲಿಗೆ ಓಡಿದಳು. ಅವಳ ಚೀರಾಟ ಕೇಳಿ ಬಂದ ವಸುಧಾ ಬೆಡ್‌ಶೀಟನ್ನು ಎತ್ತಿ ನೋಡಿದಳು. ಅದು ನಮ್ಮ ಮದುವೆಗೆ ಅವಳ ಸೋದರತ್ತೆ ಕೊಟ್ಟದ್ದು. ಏನೂ ಮಾತಾಡದೆ ಮಡಚಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಮರುದಿನ ಕೆಲಸ ಮುಗಿಸಿ ಶಿವಾಜಿನಗರಕ್ಕೆ ಹೋದೆ. ಹ್ಯಾಲೋವೀನಿಗೆ ದೆವ್ವದ ಬದಲು ಕುಂಬಳಕಾಯಿಯ ವೇಷವೂ ನಡೆಯುತ್ತದೆ ಎಂದು ಯಾರೋ ಹೇಳಿದ್ದರು. ಅಂಗಡಿಯ ದೀಪದಲ್ಲಿ ಕಿತ್ತಳೆ ಬಣ್ಣವಿದ್ದ ಬಟ್ಟೆ ಮನೆಯ ಟ್ಯೂಬ್‌ಲೈಟಿನ ಕೆಳಗೆ ಕೆಂಪಾಗಿ ನಿಂತಿತು. ಆದರೂ ಬಿಡದೆ ಕೈಯಲ್ಲೇ ಹೊಲಿದು, ಹಳೆಯ ದಿಂಬಿನ ಹತ್ತಿ ತುಂಬಿ, ಅಮ್ಮುವನ್ನು ಒಳಗಿಳಿಸಿದೆ. ಮಗು ಕೈ ಇಳಿಸಲಾಗದೆ ಎರಡೂ ಕಡೆ ಚಾಚಿ ನಿಂತು, "ಅಪ್ಪ, ನಾನು ಟೊಮೇಟೋನಾ?" ಎಂದಿತು.

"ಅಲ್ಲ, ಗ್ಯಾಸ್ ಸಿಲಿಂಡರು" ಎಂದು ವಸುಧಾ ಹಿಂದಿನ ದಿನದ ಮೌನ ಮುರಿದಳು. ಅಮ್ಮು ಕೂರಲು ಹೋಗಿ ಸೋಫಾದ ತನಕ ಉರುಳಿದಳು. ಕಾರ್ಖಾನೆಯಾಗಿದ್ದರೆ ಆ ಕುಂಬಳಕಾಯಿಗೆ ಆಗಲೇ ಕೆಂಪು ಬಳಿಯುತ್ತಿದ್ದೆ. ಅದು ಹೇಗೂ ಕೆಂಪಾಗಿಯೇ ಇತ್ತು.

ಹತ್ತಿಯೊಳಗಿಂದ ಅವಳನ್ನು ಬಿಡಿಸುತ್ತಿದ್ದಾಗ ಅಮ್ಮು ಕೇಳಿದಳು. "ಅಪ್ಪ, ದೆವ್ವ ಅಂದ್ರೆ ಏನು?"

ಇದನ್ನು ಮೊದಲೇ ಹೇಳಬೇಕಿತ್ತು ಎಂದು ನನಗೆ ಹೊಳೆದಿರಲೇ ಇಲ್ಲ. "ಸತ್ತೋದವ್ರು ವಾಪಸ್ ಬಂದ್ರೆ ದೆವ್ವ ಅಂತಾರೆ ಪುಟ್ಟ. ಅದೆಲ್ಲಾ ಸುಳ್ಳು."

"ತಾತ ಸತ್ತೋದ್ರಲ್ಲ?"

"ಹೂಂ."

"ತಾತ ಮೊನ್ನೆ ಬಂದಿದ್ರಲ್ಲ, ಊಟಕ್ಕೆ!"

ಅಪ್ಪ ತೀರಿಕೊಂಡು ಒಂದು ವರ್ಷ ದಾಟಿತ್ತು. ಆ ತಿಂಗಳಲ್ಲೇ ಹಿರಿಯರ ಹಬ್ಬಕ್ಕೆ ಅವರ ಹೆಸರಿನಲ್ಲಿ ಎಡೆ ಇಟ್ಟಿದ್ದೆವು. ಹೊಸ ಪಂಚೆ, ಮುದ್ದೆ, ಮಟನ್ ಸಾರು, ಪಕ್ಕದಲ್ಲಿ ಅವರ ನಶ್ಯದ ಡಬ್ಬಿ. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತಿದ್ದಾಗ ಅಮ್ಮ ಅವಳಿಗೆ, "ತಾತ ಬಂದು ಉಣ್ತಾವ್ರೆ, ಗಲಾಟೆ ಮಾಡ್ಬೇಡ" ಎಂದಿದ್ದಳು. ಅಮ್ಮು ಅದನ್ನು ಹಾಗೆಯೇ ನಂಬಿ ಇಟ್ಟುಕೊಂಡಿದ್ದಳು.

"ಹಂಗಾದ್ರೆ ತಾತ ಒಳ್ಳೇ ದೆವ್ವ" ಎಂದು ತೀರ್ಮಾನ ಕೊಟ್ಟಳು. "ನಾನು ತಾತ ಆಗ್ತೀನಿ."

ಅಪ್ಪ ಮೊದಲು ರಾಗಿ ಬೆಳೆಯುತ್ತಿದ್ದವರು. ಹೊಲಗಳೆಲ್ಲ ಕಾರ್ಖಾನೆಗಳಾದ ಮೇಲೆ ನಮ್ಮೊಂದಿಗೆ ಲಿಂಗರಾಜಪುರಕ್ಕೆ ಬಂದು, ಹೊಲದ ಬದುವಿನ ಮೇಲೆ ನಡೆದಂತೆಯೇ ಕೈ ಹಿಂದಕ್ಕೆ ಕಟ್ಟಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದರು. ಎದುರು ಸಿಕ್ಕವರು ತಮಿಳರಾಗಲಿ, ಸಾಬರಾಗಲಿ, ಬೆಳಿಗ್ಗೆಯಾಗಲಿ, ಸಂಜೆಯಾಗಲಿ, "ಊಟ ಆಯ್ತಾ?" ಅನ್ನುವುದೇ ಅವರ ನಮಸ್ಕಾರ. ಪ್ರತಿ ಸಂಜೆ ಅಮ್ಮುವನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸಲು ಹೋಗುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಅವರ ಸಾಮಾನುಗಳನ್ನೆಲ್ಲ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ವರ್ಷದ ಕಾರ್ಯದಲ್ಲಾಗಲಿ, ಹಬ್ಬದ ದಿನವಾಗಲಿ ಯಾರೆದುರೂ ಅತ್ತವಳಲ್ಲ. ಅಪ್ಪನ ವಿಷಯ ತೆಗೆದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

"ಅತ್ತೇನ ಒಂದು ಮಾತು ಕೇಳೋಣ್ರೀ" ಎಂದಳು ವಸುಧಾ.

"ಏನಂತ ಕೇಳ್ಲಿ? ನಿನ್ನ ಗಂಡನ್ನ ದೆವ್ವ ಮಾಡಿ ಸ್ಕೂಲಲ್ಲಿ ಕುಣಿಸ್ತೀವಿ ಅಂತಲಾ?"

ಹೀಗಾಗಿ ಗುಟ್ಟಾಗಿ ಕೆಲಸ ಶುರುವಾಯಿತು. ವಸುಧಾಳನ್ನೂ ಒಳಗೆ ಸೇರಿಸಿಕೊಂಡು, ರೂಮಿನ ಬಾಗಿಲು ಹಾಕಿ ನನ್ನದೇ ಒಂದು ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಅಮ್ಮುವಿಗೆ ಉಡಿಸಿದೆ. ಹತ್ತಿ ಅಂಟಿಸಿ ಮೀಸೆ ಮಾಡಿದೆ. ಮೀಸೆ ಒಂದು ಕಡೆ ಜೋತುಬಿದ್ದಿತ್ತು. ಅದನ್ನು ಒತ್ತಿ ಹಿಡಿದಿದ್ದಾಗಲೇ ಬಾಗಿಲು ತೆರೆಯಿತು. ಚಿಲಕ ಹಾಕುವುದನ್ನು ಮರೆತಿದ್ದೆ. ಅಮ್ಮ ನಿಂತಿದ್ದಳು.

"ಅಜ್ಜೀ, ನಾನು ಯಾರು ಹೇಳು?" ಎಂದು ಅಮ್ಮು ಕೈ ಹಿಂದಕ್ಕೆ ಕಟ್ಟಿ ನಡೆದು ತೋರಿಸಿದಳು.

ಅಮ್ಮ ನೋಡಿದಳು. ತಿರುಗಿ ಹೋದಳು. ವಸುಧಾ ನನ್ನನ್ನು ನೋಡಿದಳು, ನಾನು ಚಿಲಕವನ್ನು ನೋಡಿದೆ. ಆಚೆ ಕೋಣೆಯಿಂದ ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಅಮ್ಮ ಹಿಂದಿರುಗಿ ಬಂದಾಗ ಅವಳ ಕೈಯಲ್ಲಿ ಅಪ್ಪನ ಕಂದು ಮಫ್ಲರು, ಕನ್ನಡಕ, ನಶ್ಯದ ಡಬ್ಬಿ ಇದ್ದವು.

"ಮಫ್ಲರ್ ಇಲ್ದೆ ನಿಮ್ ತಾತ ಈ ಚಳೀಲಿ ಆಚೆ ಕಾಲಿಡ್ತಿದ್ರಾ?" ಎಂದು ನೆಲದ ಮೇಲೆ ಕೂತು ಮೊಮ್ಮಗಳನ್ನು ಎಳೆದುಕೊಂಡಳು. ನಾನು ಉಡಿಸಿದ್ದ ಪಂಚೆಯನ್ನು ಪೂರ್ತಿ ಬಿಚ್ಚಿದಳು. "ಇದೇನೋ, ಪುರೋಹಿತರಿಗೆ ಉಡಿಸ್ದಂಗೆ ಉಡಿಸಿದ್ದೀಯ? ಅವ್ರು ಮಂಡಿ ಮೇಲಕ್ಕೆ ಎತ್ತಿ ಕಟ್ತಿದ್ರು."

ಕನ್ನಡಕ ಹಾಕಿಕೊಂಡ ಅಮ್ಮು ಎರಡು ಹೆಜ್ಜೆ ನಡೆದು ಬಾಗಿಲಿಗೆ ಡಿಕ್ಕಿ ಹೊಡೆದಳು. ಗಾಜಿನ ಪವರ್ ಅಷ್ಟಿತ್ತು. "ಗಾಜು ತೆಗ್ದಾಕು" ಎಂದಳು ಅಮ್ಮ.

"ಬೇಡಮ್ಮ, ಅದು ಅಪ್ಪಂದು..."

"ತೆಗಿಯೋ. ಅವ್ರಿಗೆ ಇನ್ನೇನು ಓದೋದೈತೆ?"

ಸಣ್ಣ ಸ್ಕ್ರೂಡ್ರೈವರಿನಲ್ಲಿ ಎರಡೂ ಗಾಜು ತೆಗೆದುಕೊಟ್ಟೆ. ಅಮ್ಮ ಅವನ್ನು ಸೆರಗಿನಲ್ಲಿ ಒರೆಸಿ, ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ವಾರ ನನ್ನ ಕೈಯಲ್ಲಿ ಸರಿಯಾಗಿ ಆದ ಕೆಲಸ ಅದೊಂದೇ.

ಹ್ಯಾಲೋವೀನಿನ ದಿನ ಅಮ್ಮ ರೇಷ್ಮೆ ಸೀರೆ ಉಟ್ಟು, ತಾನೂ ಬರುತ್ತೇನೆಂದು ಎಲ್ಲರಿಗಿಂತ ಮೊದಲು ಹೊರಟು ನಿಂತಳು. ಶಾಲೆಯ ಹಾಲಿನಲ್ಲಿ ಮಾಟಗಾತಿಯರು, ರಕ್ತ ಸೋರುವ ಹಲ್ಲಿನವರು, ಅಸ್ಥಿಪಂಜರಗಳು ಕಿಕ್ಕಿರಿದಿದ್ದವು. ಅರ್ಧ ಮಕ್ಕಳನ್ನು ನೋಡಿ ಇನ್ನರ್ಧ ಮಕ್ಕಳು ಅಳುತ್ತಿದ್ದರು. ಆ ಗದ್ದಲದ ನಡುವೆ ನಮ್ಮ ಅಮ್ಮು ಮಫ್ಲರು ಸುತ್ತಿಕೊಂಡು, ಕೈ ಹಿಂದಕ್ಕೆ ಕಟ್ಟಿಕೊಂಡು, ಬೆಳೆ ನೋಡಲು ಬಂದವಳಂತೆ ನಿಧಾನವಾಗಿ ಸ್ಟೇಜಿನ ಮೇಲೆ ನಡೆದು ಬಂದಳು.

ಮೈಕು ಹಿಡಿದಿದ್ದ ಟೀಚರು ಬಗ್ಗಿ, "ಸೋ ಸ್ವೀಟ್! ಆದ್ರೆ ದೆವ್ವ ಎಲ್ಲಿ ಪುಟ್ಟಾ?" ಎಂದರು.

"ನಾನೇ ಮಿಸ್. ನಮ್ ತಾತ. ಒಳ್ಳೇ ದೆವ್ವ."

ಟೀಚರು ನೆಟ್ಟಗಾಗಿ ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ನಾನು ಅಮ್ಮನ ಕಡೆ ನೋಡಲು ಹೆದರಿ ಸೀಲಿಂಗ್ ಫ್ಯಾನ್ ನೋಡಿದೆ.

"ಊಟ ಆಯ್ತಾ ಮಿಸ್?" ಎಂದಳು ಅಮ್ಮು. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಅವಳು ಅವಸರವಿಲ್ಲದೆ ಸೊಂಟದಿಂದ ಖಾಲಿ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಕುಟ್ಟಿ, ಒಂದು ಚಿಟಿಕೆ ಗಾಳಿಯನ್ನು ಮೂಗಿಗೇರಿಸಿ, ಬಾಯಿ ತೆರೆದು ಮೇಲೆ ನೋಡುತ್ತ ನಿಂತಳು. ಅಪ್ಪನ ಸೀನು ಹಾಗೆಯೇ, ಬರುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಕೊನೆಗೆ, "ಹಾ... ಆಆ... ಆಕ್ಷೀ!"

"ಎಷ್ಟು ಸಲ ಬಡ್ಕೊಳ್ಳೋದು ನಿಮಗೆ? ಎಸೀರಿ ಅತ್ಲಾಗೆ ಆ ಡಬ್ಬೀನ!"

ಇಡೀ ಹಾಲು ತಿರುಗಿ ನೋಡಿತು. ಮುಂದಿನ ಸಾಲಿನಲ್ಲಿ ಅಮ್ಮ ಅರ್ಧ ಎದ್ದು ನಿಂತಿದ್ದಳು. ತಾನು ಅಂದದ್ದು ತನ್ನ ಕಿವಿಗೇ ಬಿದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. ಸ್ಟೇಜಿನ ಮೇಲಿದ್ದ ದೆವ್ವ ಮಾತ್ರ ಸ್ವಲ್ಪವೂ ಅಲ್ಲಾಡದೆ, "ಆಯ್ತು ಬಿಡೇ" ಎಂದು ಇನ್ನೊಂದು ಚಿಟಿಕೆ ಏರಿಸಿತು. ಅಪ್ಪ ನಲವತ್ತು ವರ್ಷ ಕೊಟ್ಟ ಉತ್ತರ ಅದೇ. ಹಾಲಿನಲ್ಲಿ ಎದ್ದ ನಗುವಿಗೆ ಅಳುತ್ತಿದ್ದ ಮಕ್ಕಳೂ ಅಳು ನಿಲ್ಲಿಸಿ, ತಮಗೂ ನಶ್ಯ ಬೇಕೆಂದು ಸ್ಟೇಜು ಹತ್ತಿದರು. ಅಮ್ಮ ವಸುಧಾಳ ಭುಜಕ್ಕೆ ತಲೆಯಿಟ್ಟು ಅತ್ತಳು. ಆ ವರ್ಷವೆಲ್ಲ ಕಟ್ಟಿಟ್ಟದ್ದನ್ನು ಅಷ್ಟು ಅಸ್ಥಿಪಂಜರಗಳ ನಡುವೆ ಕೂತು ಸಮಾಧಾನವಾಗಿ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಬಾಯಿ ತಪ್ಪಿ ಬಂದ್ಬಿಡ್ತು ಕಣೋ" ಎಂದಳು. ಬಹುಮಾನ ಒಂದು ಅಸ್ಥಿಪಂಜರಕ್ಕೆ ಹೋಯಿತು. ಹತ್ತಿರ ಹೋಗಿ ನೋಡಿದೆ. ಒಂದು ಎಲುಬೂ ಓರೆಯಿರಲಿಲ್ಲ, ಒಪ್ಪಿಕೊಳ್ಳಲೇಬೇಕಾಯಿತು.

ಅಮ್ಮ, ಅಮ್ಮು ಆಟೋದಲ್ಲಿ, ನಾನು ವಸುಧಾ ಬೈಕಿನಲ್ಲಿ ಮನೆ ಸೇರಿದೆವು. ಕಾಫಿ ಕುಡಿಯುತ್ತ ಕೂತಿದ್ದಾಗ ಅಮ್ಮು ನನ್ನ ತೊಡೆಯೇರಿ, ಮುದ್ದಾಗಿ ಕೇಳಿದಳು. "ಅಪ್ಪ, ನೀನು ಯಾವಾಗ ದೆವ್ವ ಆಗ್ತೀಯ?"

"ಥೂ, ಬಿಡ್ತು ಅನ್ನು!" ಎಂದು ವಸುಧಾ ಗದರಿದಳು.

"ಅಲ್ಲಮ್ಮ, ಆವಾಗ ಅಪ್ಪನ ವೇಷ ಹಾಕ್ತೀನಲ್ಲ, ಅದಕ್ಕೆ."

ನನಗೆ ಒಳಗೊಳಗೇ ಹಿಗ್ಗಾಯಿತು. ಮಗಳ ಕಣ್ಣಿನಲ್ಲಿ ನಾನು ಹೇಗೆ ಉಳಿಯುತ್ತೇನೆ ಎಂದು ತಿಳಿಯುವ ಅವಕಾಶ ಎಷ್ಟು ಜನ ತಂದೆಯರಿಗೆ ಸಿಗುತ್ತದೆ? "ಏನೇನ್ ಮಾಡ್ತೀಯ ಪುಟ್ಟ?" ಎಂದು ಕೇಳಿದೆ.

"ಹೊಟ್ಟೆಗೆ ದಿಂಬು ಕಟ್ಕೋತೀನಿ. ಆಮೇಲೆ ಬೈಕ್ ಕೀ ಎಲ್ಲಿ, ಬೈಕ್ ಕೀ ಎಲ್ಲಿ ಅಂತ ಸ್ಟೇಜೆಲ್ಲಾ ಓಡಾಡ್ತೀನಿ."

ಅತ್ತೆ ಸೊಸೆ ಇಬ್ಬರೂ ಕಾಫಿ ಚೆಲ್ಲಿಕೊಂಡು ನಕ್ಕರು. ದಿಂಬಿನ ವಿಷಯಕ್ಕೆ ನಾನು ತಕ್ಷಣ ಮಾಡುವಂಥದ್ದು ಏನೂ ಇರಲಿಲ್ಲ. ಇನ್ನೊಂದು ದೃಶ್ಯವನ್ನಾದರೂ ಇವತ್ತೇ ಕತ್ತರಿಸಿಹಾಕೋಣವೆಂದು ಸುತ್ತಿಗೆ ತಂದು, ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದೆ. ಇನ್ನು ಮೇಲೆ ಬೈಕಿನ ಕೀ ಇರಬೇಕಾದ ಜಾಗ ಇದೇ ಎಂದು ಮನೆಯವರೆಲ್ಲರಿಗೂ ಗಂಭೀರವಾಗಿ ಹೇಳಿ, ಅದನ್ನು ತೂಗುಹಾಕಲು ಜೇಬಿಗೆ ಕೈ ಹಾಕಿದೆ. ಜೇಬಿನಲ್ಲಿರಲಿಲ್ಲ. ಮೇಜಿನ ಮೇಲೂ ಇರಲಿಲ್ಲ. ನಾನು ಹುಡುಕುತ್ತ ರೂಮಿಗೂ ಹಾಲಿಗೂ ಓಡಾಡುತ್ತಿದ್ದರೆ, ಅಮ್ಮು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಕಣ್ಣು ಮಿಟುಕಿಸದೆ ನೋಡಿ ಕಲಿಯುತ್ತಿದ್ದಳು.