ತಲೆಯಿಲ್ಲದ ನಾಯಕನೂ ಅಕ್ಕನ ಮದುವೆಯೂ

ಅಕ್ಕನ ಮದುವೆ ಮುರಿಯುವ ಹಂತಕ್ಕೆ ಬಂದದ್ದು ನನ್ನ ಬಾಯಿಂದ ಎಂದು ನಮ್ಮ ಬಳಗದಲ್ಲಿ ಒಂದು ಕತೆ ಚಾಲ್ತಿಯಲ್ಲಿದೆ. ಆಳಂದದಲ್ಲಿ ಅವ್ವ ಇದನ್ನು ಹಣೆ ಬಡಿದುಕೊಂಡು ಹೇಳುತ್ತಾಳೆ, ಮಾದನಹಿಪ್ಪರಗಾದ ಅತ್ತೆ ನಗುತ್ತ ಹೇಳುತ್ತಾಳೆ, ಮಟಕಿಯ ಚಿಕ್ಕವ್ವ ಆ ಜಾಗದಲ್ಲಿ ಇರದಿದ್ದರೂ ಇದ್ದವರಿಗಿಂತ ಚೆನ್ನಾಗಿ ಹೇಳುತ್ತಾಳೆ. ಈ ಕತೆಯನ್ನು ನಾನು ಒಪ್ಪುವುದಿಲ್ಲ. ಯಾವುದನ್ನೂ ಒಪ್ಪದಿರುವುದು ನನ್ನ ಚಾಳಿ ಎಂದು ನೀವು ಹೇಳಬಹುದು. ಅದನ್ನೂ ನಾನು ಒಪ್ಪುವುದಿಲ್ಲ. ಬಾಯಿ ನನ್ನದೇ, ನಿಜ. ಆದರೆ ಬಾಯಿ ಎಂಬುದು ತಾನೇ ತಾನಾಗಿ ತೆರೆದುಕೊಳ್ಳುವುದಿಲ್ಲ. ಅದರ ಎದುರಿಗೆ ಯಾರಾದರೂ ಕುಳಿತು, ಬುಡವಿಲ್ಲದ ಮಾತನ್ನು ಬಹಳ ಗಟ್ಟಿಯಾಗಿ ಆಡಬೇಕಾಗುತ್ತದೆ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯವಳು. ಅಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಎದುರಾಳಿ ಕಟ್ಟಿದ ಗೋಡೆಯಲ್ಲಿ ಸಡಿಲವಾದ ಇಟ್ಟಿಗೆ ಯಾವುದೆಂದು ನೋಡು, ಅದನ್ನೇ ಎಳೆ, ಉಳಿದದ್ದು ತಾನಾಗಿ ಬೀಳುತ್ತದೆ. ಹೀಗೆ ಎಳೆದೂ ಎಳೆದೂ ಗೆದ್ದ ಫಲಕಗಳಲ್ಲಿ ಒಂದು, ಅಡುಗೆಮನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ಇವತ್ತಿಗೂ ಒತ್ತು ಕೊಟ್ಟು ನಿಂತಿದೆ. ನನ್ನ ವಾದದಿಂದ ಮನೆಗೆ ಆದ ಉಪಯೋಗ ಅದೊಂದೇ ಎಂದು ಅವ್ವನ ಅಭಿಪ್ರಾಯ. ಈಗ ನಾನು ಆಳಂದದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಕೂಡಲೇ ಅಲ್ಲಿ ಕೂಡಿಸಿ ಚಹಾ ಕೊಡುತ್ತಾರೆಂದು ಭಾವಿಸಬೇಡಿ. ಅಕ್ಕ ಶೋಭಾ ನನಗೆ ಪೂರ್ತಿ ವಿರುದ್ಧ. ಅಫಜಲಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಅಲ್ಲೇ ರೂಮು ಮಾಡಿಕೊಂಡಿದ್ದಾಳೆ, ರವಿವಾರ ಮನೆಗೆ ಬರುತ್ತಾಳೆ. ಅವಳು ಯಾರಿಗಾದರೂ ಮಾತಿಗೆ ಮಾತು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಕೊಡಲು ನಾನು ಸಂದು ಬಿಟ್ಟಿರಲಿಲ್ಲ ಎಂಬುದು ಅವಳ ಕಡೆಯವರ ವಾದ.

ಕಳೆದ ಚಳಿಗಾಲದ ಒಂದು ರವಿವಾರ ಯಡ್ರಾಮಿಯಿಂದ ಅಕ್ಕನನ್ನು ನೋಡಲು ಗಂಡಿನವರು ಬಂದರು. ಹುಡುಗ ವೀರೇಶ, ಜೇವರ್ಗಿಯಲ್ಲಿ ಜಮೀನು ಅಳೆಯುವ ಸರ್ವೇಯರ್. ಜೊತೆಗೆ ಅವನ ತಾಯಿ, ಅವನ ಕಾಕಾ ಗುರಪ್ಪ. ಅವ್ವ ನನಗೆ ಮೊದಲೇ ತಾಕೀತು ಮಾಡಿದ್ದಳು. "ರೇಣಿ, ಸೂಸಲಾ ಇಡು, ಮಿರ್ಚಿ ಭಜಿ ಇಡು, ಸುಮ್ಮ ಒಳಗ ಬಾ. ಅವರ ಮುಂದ ನೀ ಬಾಯಿ ತಗದೀ ಅಂದ್ರ ನನ್ನಷ್ಟು ಕೆಟ್ಟಾಕಿ ಇಲ್ಲ ನೋಡು." ನಾನು ಸೂಸಲಾ ಇಟ್ಟೆ. ಭಜಿ ಇಟ್ಟೆ. ಒಳಗೆ ಹೊರಡಬೇಕು ಎನ್ನುವಷ್ಟರಲ್ಲಿ ಅಪ್ಪ ಕೇಳಬಾರದ್ದನ್ನು ಕೇಳಿದರು. "ಮತ್ತ, ಡ್ಯೂಟಿ ಬಿಟ್ರ ಏನ್ ಮಾಡ್ತೀರಿ?"

"ಮೊಬೈಲಿನಾಗ ಒಂದು ಆಟ ಆಡ್ತೇನ್ರಿ," ಎಂದ ವೀರೇಶ. ಅಪ್ಪನ ಮುಖ ಕಪ್ಪಿಟ್ಟಿತು. "ರೊಕ್ಕದ ಆಟ ಅಲ್ರಿ ಮತ್ತ," ಎಂದು ಅವನು ಅವಸರದಿಂದ ಫೋನು ತೆಗೆದು ತೋರಿಸಿದ. ಅದೊಂದು ಮಾಯಾಲೋಕದ ಆಟ. ಹೆಸರು ಬರೆದರೆ ಪುಕ್ಕಟೆ ಜಾಹೀರಾತು ಆಗುತ್ತದೆ, ಬಿಡಿ. ರೆಕ್ಕೆಯ ಹಾವು, ಮಾಟಗಾತಿ, ಎಲ್ಲೆಲ್ಲೂ ಹಿಮ. ನಡುವೆ ತಲೆಯಿಲ್ಲದ ಒಬ್ಬ ಯೋಧ. ಎಡಗೈಯಲ್ಲಿ ಕೊಡಲಿ, ಕಾಲ ಬಳಿ ಒಂದು ನಾಯಿ. "ಇಂವ ನಮ್ಮ ಸಂಗಣ್ಣ ನಾಯಕ ಅದಾನ್ರಿ," ಎಂದು ವೀರೇಶ ತನ್ನ ಅಣ್ಣನ ಮಗನನ್ನು ಪರಿಚಯಿಸುವ ಹಾಗೆ ಪರಿಚಯಿಸಿದ. ಯಡ್ರಾಮಿಯಲ್ಲಿ ಅವರ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ವೀರಗಲ್ಲು ಇದೆಯಂತೆ. ಹಿಂದಿನ ಕಾಲದಲ್ಲಿ ಊರ ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಸಂಗಣ್ಣ ನಾಯಕ ಎಂಬವನು ಬಿದ್ದನಂತೆ. ತಲೆ ಹೋದರೂ ಬರಿಯ ಮುಂಡ ಬಡಿದಾಡಿ ದನಗಳನ್ನು ಊರಿಗೆ ಮರಳಿಸಿತಂತೆ. ಆ ಕಲ್ಲಿನಲ್ಲಿಯೂ ಎಡಗೈಯಲ್ಲಿ ಕೊಡಲಿ, ಕಾಲ ಬಳಿ ನಾಯಿ, ಮೇಲೆ ತಲೆ ಇಲ್ಲ. "ಆ ಆಟ ಮಾಡಿದ ಮಂದಿ ನಮ್ಮ ಕಲ್ಲು ನೋಡೇ ಮಾಡ್ಯಾರ್ರಿ," ಎಂದ. ಅವನ ತಾಯಿ ಭಕ್ತಿಯಿಂದ ತಲೆಯಾಡಿಸಿದರು. ಅಪ್ಪನೂ ಆಡಿಸಿದರು, ರೊಕ್ಕದ ಆಟ ಅಲ್ಲವೆಂಬ ಸಂತೋಷಕ್ಕೆ.

ಸಡಿಲವಾದ ಇಟ್ಟಿಗೆ ಕಣ್ಣ ಮುಂದೆ ಇಷ್ಟು ಚೆಂದ ಅಲುಗಾಡುತ್ತಿರುವಾಗ ಮನುಷ್ಯಮಾತ್ರದವರು ಏನು ಮಾಡಬೇಕು? "ಅಲ್ರಿ," ಎಂದೆ, "ಆ ಆಟ ಮಾಡಿದವ್ರು ಯಡ್ರಾಮಿಗಿ ಯಾವ ಬಸ್ಸಿಗಿ ಬಂದಿದ್ರು?"

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ವೀರೇಶ ಮಾತ್ರ ಸಿಟ್ಟಾಗಲಿಲ್ಲ. ಅವನ ಕಣ್ಣು ಹೊಳೆಯಿತು. "ಭಾರಿ ಪ್ರಶ್ನಿ ಕೇಳಿದ್ರಿ ಮೇಡಂ. ಇಷ್ಟು ದಿನ ಒಬ್ರೂ ಕೇಳಿದ್ದಿಲ್ರಿ. ನಾ ವಿಚಾರ ಮಾಡಿ ಹೇಳ್ತೇನಿ," ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, "ದಿನಾ ಮಂದಿ ರಕ್ತ ನೋಡ್ತೀರಲ್ರಿ, ಯಾರಿಗಿ ಸಿಟ್ಟು ಜಾಸ್ತಿ ಅಂತ ಅದರಾಗ ತಿಳೀತದೇನ್ರಿ?" ಎಂದು ನನ್ನನ್ನು ಓರೆಗಣ್ಣಿನಲ್ಲಿ ನೋಡಿದ. ಅಕ್ಕ ನಕ್ಕಳು. ಹಿಂದೆ ಬಂದುಹೋದ ಗಂಡುಗಳೆಲ್ಲ ಅವಳಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ್ದರೇ ಹೊರತು ಅವಳ ಕೆಲಸದ ಬಗ್ಗೆ ಯಾರೂ ಕೇಳಿರಲಿಲ್ಲ. ಅವರು ಹೋದ ಮೇಲೆ ಅಕ್ಕ ಖಾಲಿ ಕಪ್ಪುಗಳನ್ನು ಎತ್ತುತ್ತ, "ಇಂವ ಆಗ್ಲಿ ಅವ್ವಾ," ಎಂದಳು. ಅಷ್ಟೇ. ಅವಳ ಇಡೀ ಭಾಷಣ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವೀರೇಶ ಅಪ್ಪನ ಹತ್ತಿರ ನನ್ನ ನಂಬರು ಕೇಳಿ ತೆಗೆದುಕೊಂಡಿದ್ದ. ಒಂದೆರಡು ದಿನ ಬಿಟ್ಟು ಫೋನು ಬಂತು. "ಮೇಡಂ, ಉತ್ತರ ಸಿಕ್ತ್ರಿ. ನಿಜಾಮರ ಕಾಲದಾಗ ಒಬ್ಬ ಬಿಳಿ ಸಾಹೇಬ ಕುದುರಿ ಮ್ಯಾಲ ಬಂದು ಕಲ್ಲಿನ ಚಿತ್ರ ಬರ್ಕೊಂಡು ಹೋಗಿರಬೇಕ್ರಿ. ಆ ಚಿತ್ರ ಅವರ ದೇಶದಾಗ ಉಳದದ."

"ಬಂದಿದ್ದ ಅನ್ನಾಕ ಪುರಾವಿ?"

"ಬಂದಿರದಿದ್ರ ಆಟದಾಗ ಹೆಂಗ ಬರ್ತಿತ್ತ್ರಿ?"

ಇದನ್ನು ತರ್ಕಶಾಸ್ತ್ರದಲ್ಲಿ ಏನೆನ್ನುತ್ತಾರೆಂದು ನಾನು ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿದ. ಮುಂದೆ ಹಿಮದ ಪ್ರಶ್ನೆ ಎತ್ತಿದೆ. ಕಲ್ಲು ಕಾದರೆ ಅದರ ಮೇಲೆ ರೊಟ್ಟಿ ಬೇಯಿಸಬಹುದಾದ ಊರು ಯಡ್ರಾಮಿ. ಅಲ್ಲಿಯ ನಾಯಕ ಮೊಣಕಾಲು ಮಟ್ಟದ ಹಿಮದಲ್ಲಿ ಯಾಕೆ ನಿಂತಿದ್ದಾನೆ? ಈ ಏಟಿಗೆ ಗೋಡೆ ಬಿತ್ತು ಎಂದುಕೊಂಡೆ. ಮರುದಿನ ಮತ್ತೆ ಫೋನು. "ಹತ್ತಿರೀ ಮೇಡಂ! ಹತ್ತಿ! ಸಾಹೇಬ ಬಂದಾಗ ಜೇವರ್ಗಿ ಸೀಮಿ ತುಂಬ ಹತ್ತಿ ಒಡದಿತ್ತು. ಎಲ್ಲಾ ಬೆಳ್ಳಗ. ಅಂವ ಮೊದಲೇ ಚಳಿ ದೇಶದಾಂವ, ಹಿಮ ಅಂತ ತಿಳದು ಬರ್ಕೊಂಡಾನ." ಹತ್ತಿ ಮೇಲಿಂದ ಬೀಳುವುದಿಲ್ಲವಲ್ಲ ಎಂದೆ. "ಗಾಳಿಗಿ ಹಾರ್ತದಲ್ರಿ," ಎಂದ. ನಾನು ಒಂದು ಕ್ಷಣ ಸುಮ್ಮನಾದೆ. ಇಡೀ ಆಳಂದ ತಾಲೂಕಿನಲ್ಲಿ ನನ್ನನ್ನು ಒಂದು ಕ್ಷಣ ಸುಮ್ಮನಾಗಿಸಿದವರು ಯಾರೂ ಇರಲಿಲ್ಲ. ಹೊಲದ ಬದುವಿನ ಅಳತೆಯಲ್ಲಿ ಗೇಣು ಜಾಗಕ್ಕೆ ಅಣ್ಣತಮ್ಮಂದಿರ ಜಗಳ ಬಿಡಿಸುವ ಈ ಮನುಷ್ಯ, ಇತಿಹಾಸದ ಅಳತೆಗೆ ಬಂದಾಗ ಅಳೆಯುವ ಸರಪಳಿಯನ್ನೇ ಮನೆಯಲ್ಲಿ ಬಿಟ್ಟು ಬರುತ್ತಿದ್ದ.

ಆ ಆಟದ ಅಭಿಮಾನಿಗಳದು ಫೋನಿನಲ್ಲಿ ಒಂದು ಗುಂಪಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಹುಡುಗರು ಅದರಲ್ಲಿದ್ದಾರೆ. ಆಟದ ನದಿಯಲ್ಲಿರುವ ಹಾವು ಭೀಮಾ ನದಿಯದು ಎಂದು ಅಫಜಲಪುರದವನೊಬ್ಬ ಸಾಧಿಸುತ್ತಿದ್ದಾನೆ. ಆಟದಲ್ಲಿ ಒಂದಕ್ಕೆ ಮೂರು ಹೇಳಿ ಕೆಟ್ಟ ಮದ್ದು ಮಾರುವ ಮುದುಕ ವ್ಯಾಪಾರಿ ನಮ್ಮ ಬಸ್‌ಸ್ಟ್ಯಾಂಡಿನವನೇ ಎಂದು ಆಳಂದದವರು ಹೇಳುತ್ತಾರೆ. ನಾನು ಕಂಡ ಊಹೆಗಳಲ್ಲಿ ಪುರಾವೆ ಇರುವುದು ಅದೊಂದಕ್ಕೇ. ಆ ಗುಂಪಿನಲ್ಲಿ ವೀರೇಶ ತನ್ನ ಸಿದ್ಧಾಂತವನ್ನು ಸಾಹೇಬ, ಹತ್ತಿ, ಗಾಳಿ ಸಮೇತ ಹಾಕಿ, ಕೊನೆಗೆ "ಸಂಶೋಧನೆಗೆ ಸಹಾಯ: ನಮ್ಮ ರೇಣುಕಾ ಮೇಡಂ, ಇತಿಹಾಸ ಉಪನ್ಯಾಸಕರು" ಎಂದು ಬರೆದ. ಆಗ ನನಗೆ ಗೊತ್ತಾಯಿತು. ನಾನು ಎಳೆದ ಒಂದೊಂದು ಇಟ್ಟಿಗೆಯ ಜಾಗಕ್ಕೂ ಅವನು ಸಿಮೆಂಟು ತುಂಬುತ್ತಿದ್ದ. ನಾನು ವಾದಿಸದೆ ಬಿಟ್ಟಿದ್ದರೆ ಆ ಗೋಡೆ ಮೊದಲ ಗಾಳಿಗೇ ಬೀಳುತ್ತಿತ್ತು.

ಇದಕ್ಕಿಂತ ದೊಡ್ಡ ತಾಪತ್ರಯ ಮನೆಯಲ್ಲಿ ಶುರುವಾಯಿತು. ಅಕ್ಕನನ್ನು ನೋಡಲು ಬಂದವನು ತಂಗಿಗೆ ಫೋನು ಮಾಡುತ್ತಾನೆ ಎಂದು ಮಾದನಹಿಪ್ಪರಗಾದ ಅತ್ತೆಗೆ ಯಾರು ಹೇಳಿದರೋ ತಿಳಿಯದು, ಅತ್ತೆ ಎಲ್ಲರಿಗೂ ಹೇಳಿದಳು. ಅವ್ವ ನನ್ನ ಜೊತೆ ಮಾತು ಬಿಟ್ಟಳು. ಮುಂದಿನ ರವಿವಾರ ಅಕ್ಕ ಬಂದವಳು ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದಳು. "ಯಾಕ ಬೇ, ನನಗ ಫೋನ್ ಮಾಡಿದ್ರ ಊಟಾತೇನ್ರಿ ಅಂತಾನ, ಆತ್ರಿ ಅಂತೇನಿ, ಇಟ್ಟುಬಿಡ್ತಾನ. ನಿನ್ನ ಜೋಡಿ ತಾಸುಗಟ್ಲೆ ಏನದ ಅಂವಂದು?"

"ಅಕ್ಕಾ, ಅಂವ ತಪ್ಪು ಹೇಳಾಕತ್ತಾನ."

"ಹೇಳ್ಲಿ ಬಿಡು! ನಾ ಏನ್ ಅಂವನ್ನ ಪರೀಕ್ಷಾಕ್ಕ ಕೂಡ್ಸಾಕತ್ತೀನೇನು? ಮದುವಿ ಆಗಾಕತ್ತೇನಿ. ನನಗ ಅಂವ ಬೇಕು. ಒಂದು ಗೆಲ್ಲು, ಇಲ್ಲಾ ಸೋಲು. ಹೆಂಗರೆ ಮಾಡಿ ನಡುವಿನಿಂದ ಏಳು."

ಅವಳ ಕಣ್ಣು ತುಂಬಿತ್ತು. ನಾನು ಗೆದ್ದು ಏಳುವುದೆಂದು ತೀರ್ಮಾನಿಸಿದೆ. ಸೋತು ಏಳಬಹುದು ಎಂಬ ಆಯ್ಕೆಯನ್ನು ಅವಳು ಸ್ಪಷ್ಟವಾಗಿಯೇ ಕೊಟ್ಟಿದ್ದಳು. ಅದು ನನ್ನ ಕಿವಿಗೆ ಹೋಗಿತ್ತು, ಮುಂದೆ ಹೋಗಿರಲಿಲ್ಲ.

ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುವ ದಿನ ಬಂತು. ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಎಲ್ಲರೂ ಯಡ್ರಾಮಿಗೆ ಹೋದೆವು. ಅಕ್ಕನೂ ಬರಲಿ ಎಂದು ವೀರೇಶನ ತಾಯಿಯೇ ಹೇಳಿಕಳಿಸಿದ್ದರು. ಶೇಂಗಾ ಹೋಳಿಗೆಯ ಊಟವಾಯಿತು. ತಾಂಬೂಲದ ಹೊತ್ತಿಗೆ ದಿನ ಗೊತ್ತು ಮಾಡೋಣ ಎಂದು ಹಿರಿಯರು ಚಾಪೆಯ ಮೇಲೆ ಸ್ವಲ್ಪ ಅಡ್ಡಾದರು. ಆ ಬಿಡುವಿನಲ್ಲಿ ನಾನು ಗುರಪ್ಪ ಕಾಕಾನನ್ನು ಹಿಡಿದು, ಕಲ್ಲು ತೋರಿಸಿರಿ ಎಂದೆ.

ಕಲ್ಲು ದಾರಿಯ ಪಕ್ಕದಲ್ಲೇ ಇತ್ತು. ಎಣ್ಣೆ, ಕುಂಕುಮ, ಒಣಗಿದ ಹೂವು. ಕೊಡಲಿ ಇತ್ತು, ನಾಯಿ ಇತ್ತು. ತಲೆ ಇರಬೇಕಾದ ಕಡೆ ಕಲ್ಲು ಒಡೆದಿತ್ತು, ಕೆತ್ತಿದ್ದಲ್ಲ, ಒಡೆದದ್ದು. ನಾನು ಬೆರಳಿಟ್ಟು ನೋಡಿದೆ. ಕಾಕಾ ಕೆಮ್ಮಿದರು. "ನೀ ಶ್ಯಾಣ್ಯಾಕಿ ಇದ್ದೀವ್ವ, ನಿನ್ನ ಮುಂದ ಏನ್ ಮುಚ್ಚೂದು," ಎಂದರು. "ಹೊಸಾ ಟ್ರ್ಯಾಕ್ಟರ್ ತಂದಿದ್ದೆ. ರಿವರ್ಸ್ ಸರಿ ಬರ್ತಿದ್ದಿಲ್ಲ. ಟ್ರೇಲರ್ ಬಡದು ನಾಯಕನ ತಲಿ ಹಾರ್ತು. ನಮ್ಮ ವೀರೇಶ ಆಗ ತೊಟ್ಟಲದಾಗ ಇದ್ದ. ಮಂದಿ ಕೇಳಿದ್ರ ಏನ್ ಹೇಳ್ಲಿ? ಮೊದಲಿಂದ ತಲಿ ಇದ್ದಿಲ್ಲ, ಮುಂಡ ಬಡದಾಡಿತ್ತಂತ ಅಂದೆ. ಊರವ್ರು ಮುಂದ ದನಾನೂ ಸೇರ್ಸಿದ್ರು. ಇದು ನಿನ್ನ ಹೊಟ್ಟ್ಯಾಗ ಇರ್ಲಿ."

ಹೊಟ್ಟೆಯಲ್ಲಿ ಆಗಲೇ ಹೋಳಿಗೆ ಇತ್ತು. ಹೆಚ್ಚಿನದಕ್ಕೆ ಜಾಗ ಇರಲಿಲ್ಲ.

ಪಡಸಾಲೆಯಲ್ಲಿ ತಾಂಬೂಲದ ತಟ್ಟೆ ಬಂದಿತ್ತು. ಅಪ್ಪ ಪಂಚಾಂಗದ ಮಾತು ತೆಗೆಯುವ ಮೊದಲೇ ವೀರೇಶ ನನ್ನನ್ನು ನೋಡಿ, "ನೋಡಿದ್ರಿಲ್ರಿ ಮೇಡಂ? ಈಗರೆ ನಂಬ್ತೀರಿಲ್ಲ?" ಎಂದ. ಅವ್ವ ನನ್ನ ತೊಡೆ ಚಿವುಟಿದಳು. ಚಿವುಟಿದ್ದು ಸ್ವಲ್ಪ ತಡವಾಯಿತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಟ್ರ್ಯಾಕ್ಟರ್, ಟ್ರೇಲರ್, ರಿವರ್ಸ್. ಕಾಕಾನ ಕಿವಿ ಕೆಂಪಾಯಿತು. "ತಲಿ ಎಲ್ಲಿ ಅದ ಹಂಗಾದ್ರ?" ಎಂದು ವೀರೇಶ ಕೇಳಿದಾಗ ಅವರು ನೆಲ ನೋಡುತ್ತ, ದನದ ಕೊಟ್ಟಿಗೆಯ ಮೆಟ್ಟಿಲಿಗೆ ಹಾಕಿದ್ದೇನೆ ಎಂದರು. ಎಲ್ಲರೂ ಎದ್ದು ಹೋಗಿ ನೋಡಿದೆವು. ಸಗಣಿ ತೊಳೆದಾಗ ಮೀಸೆ ಕಂಡಿತು, ಕಿವಿಯಲ್ಲಿ ತೊಟ್ಟ ಕಡಕು ಕಂಡಿತು. ಮರಳಿ ಪಡಸಾಲೆಗೆ ಬಂದು ಕುಳಿತ ಮೇಲೆ ನಾನು ಕೊನೆಯ ಇಟ್ಟಿಗೆಗೆ ಕೈ ಹಾಕಿದೆ. "ನಿಜಾಮರ ಕಾಲದ ಸಾಹೇಬ ಬಂದಾಗ ಕಲ್ಲಿಗಿ ತಲಿ ಇತ್ತು. ತಲಿ ಇದ್ದ ನಾಯಕನ್ನ ನೋಡಿದಾಂವ ತಲಿ ಇಲ್ಲದ ನಾಯಕನ್ನ ಹೆಂಗ ಬರೀತಾನ್ರಿ?"

ವೀರೇಶ ಫೋನನ್ನು ಜೇಬಿಗಿಟ್ಟ. ಅವನ ತಾಯಿ ಸೆರಗು ಸರಿಪಡಿಸಿಕೊಂಡು, "ಮುಂದಿಂದು ಆಮ್ಯಾಲ ನೋಡೂಣು ಬಿಡ್ರಿ," ಎಂದು ತಾಂಬೂಲದ ತಟ್ಟೆ ಒಳಗಿಡಲು ಹೊರಟರು. ನಾನು ಗೆದ್ದಿದ್ದೆ. ಚಪ್ಪಾಳೆಗೆ ಕಾಯುವ ಅಭ್ಯಾಸದಿಂದ ಸುತ್ತ ನೋಡಿದೆ. ಅಪ್ಪ ಗೋಡೆ ನೋಡುತ್ತಿದ್ದರು, ಅವ್ವ ಅಳುತ್ತಿದ್ದಳು.

ಆಗ ಅಕ್ಕ ಬಾಯಿ ತೆರೆದಳು. "ಸಾಹೇಬನ ಹಾಳಿ ಹರದಿರಬೇಕ್ರಿ."

ಎಲ್ಲರೂ ತಿರುಗಿದರು. ಅಕ್ಕ ನೆಲ ನೋಡುತ್ತಲೇ ಹೇಳಿದಳು. "ನಮ್ಮ ಲ್ಯಾಬಿನಾಗ ಹಳೀ ರಿಪೋರ್ಟು ತಗದ್ರ ಮೊದಲ ಮ್ಯಾಲಿನ ಅಂಚೇ ಹರದಿರ್ತದ್ರಿ. ಕೆಳಗಿಂದೆಲ್ಲಾ ಛಂದ ಇರ್ತದ, ಹೆಸರೇ ಇರಂಗಿಲ್ಲ. ಆ ಚಿತ್ರದಾಗೂ ಮ್ಯಾಲಿಂದು ಹೋಗಿ, ತಲಿ ಹೋಗಿರಬೇಕು. ಆಟ ಮಾಡಿದವ್ರಿಗಿ ಸಿಕ್ಕದ್ದು ಹರದ ಹಾಳಿ."

ವೀರೇಶ ಅಕ್ಕನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾವೆಲ್ಲ ಅಲ್ಲಿಂದ ಎದ್ದುಹೋಗಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ತಾಂಬೂಲದ ತಟ್ಟೆ ಹೊಸ್ತಿಲಿನಿಂದ ಮರಳಿ ಬಂತು. ಕಾಕಾ ನಾಯಕನ ತಲೆಯನ್ನು ಮೆಟ್ಟಿಲಿಂದ ಕಿತ್ತು ಕಲ್ಲಿನ ಪಕ್ಕ ಇಡುವುದಾಗಿ ಮಾತು ಕೊಟ್ಟರು. ದಿನ ಗೊತ್ತಾಯಿತು. ಇದಿಷ್ಟೂ ನಡೆದದ್ದು ನಾನು ತಲೆಯ ಪ್ರಶ್ನೆ ಎತ್ತಿದ್ದರಿಂದ ಎಂದು ಹೇಳಲು ಹೊರಟೆ. ಆ ದಿನ ಮೊದಲ ಬಾರಿಗೆ ನನ್ನ ಮಾತಿಗೆ ವಿರೋಧವೂ ಬರಲಿಲ್ಲ, ಯಾರೂ ಕೇಳಿಸಿಕೊಳ್ಳಲೇ ಇಲ್ಲ.

ಮರಳಿ ಬರುವಾಗ ಕ್ರೂಸರಿನ ಹಿಂದಿನ ಸೀಟಿನಲ್ಲಿ ನಾನೂ ಅಕ್ಕನೂ ಕುಳಿತಿದ್ದೆವು. ಎರಡೂ ಬದಿಗೆ ಹತ್ತಿ ಒಡೆದು ಬೆಳ್ಳಗಾಗಿತ್ತು. ಹಿಮದಂತೆ ಕಾಣುತ್ತಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ದೂರದಿಂದ ಸ್ವಲ್ಪ ಕಂಡರೆ ಅದು ನನ್ನ ಕಣ್ಣಿನ ದೋಷ. ಜೇವರ್ಗಿ ದಾಟುವಷ್ಟರಲ್ಲಿ ಫೋನು ರಿಂಗಾಯಿತು. ಅಭ್ಯಾಸಬಲದಿಂದ ನನ್ನ ಚೀಲಕ್ಕೆ ಕೈ ಹಾಕಿದೆ. ರಿಂಗಾದದ್ದು ಅಕ್ಕನದು, ಮಾಡಿದವನು ವೀರೇಶ. ಅವಳು ಅದನ್ನು ಕಿವಿಗಿಟ್ಟುಕೊಳ್ಳುವ ಮೊದಲು ನಾನು ಅವಳ ಕೈ ಹಿಡಿದು ಕೇಳಿದೆ:

"ಅಕ್ಕಾ, ಖರೇ ಹೇಳು. ಆ ಹಾಳಿ ಹರದಿತ್ತು ಅಂತ ನೀ ನಂಬ್ತೀಯೋ, ಇಲ್ಲಾ ನನ್ನ ಸೋಲಿಸಾಕಂತ ಇಷ್ಟು ವರ್ಷ ಸುಮ್ಮ ಕುಂತಿದ್ದೀಯೇನು?"