ಬಿಸಿನೀರು ನೋಡುವ ಚಟ

ಮಗಳಿಗೆ ವರ ನೋಡುವಾಗ ಹುಡುಗನ ಚಟಗಳನ್ನು ವಿಚಾರಿಸಬೇಕು ಎಂಬುದು ನಮ್ಮ ಹಿರಿಯರು ಹೇಳಿಕೊಟ್ಟ ಪಾಠ. ಅದಕ್ಕೊಂದು ಕ್ರಮವೂ ಇದೆ. ಮೊದಲು ಕುಡಿತ, ಆಮೇಲೆ ಇಸ್ಪೀಟು, ಅದಾದ ಮೇಲೆ ಗುಟ್ಕಾ, ಕೊನೆಗೆ ಮೊಬೈಲು. ಒಂದೊಂದಕ್ಕೂ ಹೆಣ್ಣಿನ ತಂದೆಯ ಹತ್ತಿರ ಉತ್ತರ ಸಿದ್ಧವಿರುತ್ತದೆ. ಕುಡಿತ ಅಂದರೆ ಎದ್ದು ಚಪ್ಪಲಿ ಮೆಟ್ಟುವುದು. ಇಸ್ಪೀಟು ಅಂದರೆ, 'ದೀಪಾವಳಿಗೆ ಅಷ್ಟೇ ಏನು?' ಎಂದು ಕೇಳುವುದು. ಗುಟ್ಕಾ ಅಂದರೆ ಹುಡುಗನನ್ನು ನಗಿಸಿ ಹಲ್ಲು ನೋಡುವುದು. ಮೊಬೈಲು ಅಂದರೆ, ನಮ್ಮ ಹುಡುಗಿಯ ಕೈಯಲ್ಲೂ ಅದೇ ಇರುವುದರಿಂದ, ಸುಮ್ಮನಿರುವುದು. ಇದರಾಚೆಗೂ ಲೋಕದಲ್ಲಿ ಇನ್ನೊಂದು ಚಟ ಇದ್ದೀತು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಉತ್ತರ ಹೊಂದಿಸಿ ಇಟ್ಟುಕೊಳ್ಳುತ್ತಿದ್ದೆ.

ನಮ್ಮ ಸುವರ್ಣಾಳನ್ನು ನೋಡಲು ಕಳಂಬೋಲಿಯಿಂದ ಬಂದ ಹುಡುಗನ ಹೆಸರು ಮಲ್ಲಿಕಾರ್ಜುನ. ರಾಯಚೂರು ಕಡೆಯ ಮಂದಿ. ಆದರೆ ಹುಡುಗ ಹುಟ್ಟಿ ಬೆಳೆದದ್ದು ಇಲ್ಲಿ, ಈ ಮರಾಠಿ ಸೀಮೆಯಲ್ಲಿಯೇ. ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ನೌಕರಿ. ಕನ್ನಡದಲ್ಲಿ ಕೇಳಿದರೆ ಎಲ್ಲಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಪಲಂಗದ ಈ ತುದಿಗೆ ಅವನು, ಆ ತುದಿಗೆ ಅವನ ತಾಯಿ ನೀಲಮ್ಮ, ನಡುವೆ ಚುರುಮುರಿ ಸೂಸಲದ ಪ್ಲೇಟು. ನಾನು ಗಂಟಲು ಸರಿಮಾಡಿಕೊಂಡು ಚಟಗಳ ಯಾದಿ ಶುರುಮಾಡಿದೆ.

"ಅಂಥಾದ್ದು ಒಂದೂ ಇಲ್ರಿ ಅಣ್ಣಾರ" ಎಂದಳು ನೀಲಮ್ಮ. ಆಮೇಲೆ, ಮುಚ್ಚಿಟ್ಟರೆ ಪಾಪ ಬಂದೀತು ಎನ್ನುವ ಹಾಗೆ ದನಿ ತಗ್ಗಿಸಿ, "ಒಂದ ಐತಿ ನೋಡ್ರಿ. ರವಿವಾರ ಸೂಟಿ ಸಿಕ್ಕರ ಬಿಸಿನೀರು ನೋಡಾಕ ಹೋಗ್ತಾನ" ಎಂದಳು.

"ಬಿಸಿನೀರು? ಎಲ್ಲಿ?"

"ನೆಲದಾಗಿಂದ ತಾನ ಕಾದು ಎಲ್ಲಿ ಬರ್ತಾವಲ್ರಿ, ಅಲ್ಲಿ."

"ಜಳಕಾ ಮಾಡಾಕ?"

"ಇಲ್ರಿ. ಬರೇ ನೋಡಾಕ."

ನನ್ನ ಕೆಲಸ ಏನು ಎಂದು ಇಲ್ಲಿ ಹೇಳದಿದ್ದರೆ ನನಗಾದ ಆಘಾತ ನಿಮಗೆ ತಿಳಿಯುವುದಿಲ್ಲ. ನಾನು ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಐದನೇ ಇಯತ್ತೆಗೆ ಶಾಲೆ ಬಿಟ್ಟು, ವಿಜಾಪುರದ ಬಸ್ಸು ಹತ್ತಿ ಬಂದು, ಮೊದಲು ಬೂದಿ ಎತ್ತಿ, ಆಮೇಲೆ ಇದ್ದಿಲು ಹಾಕಿ, ಆಮೇಲೆ ಪರೀಕ್ಷೆ ಕೊಟ್ಟು, ಇವತ್ತು ಗೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಮಟ್ಟಕ್ಕೆ ಏರಿದವನು. ನನ್ನ ಇಡೀ ಆಯುಷ್ಯ ಕುದಿಯುವ ನೀರನ್ನು ನೋಡುವುದರಲ್ಲಿಯೇ ಕಳೆದಿದೆ. ಅದಕ್ಕೆ ನನಗೆ ಪಗಾರ ಕೊಡುತ್ತಾರೆ, ದೀಪಾವಳಿಗೆ ಬೋನಸ್ಸೂ ಕೊಡುತ್ತಾರೆ. ನಾನು ದುಡ್ಡು ತೆಗೆದುಕೊಂಡು ನೋಡುವುದನ್ನು ಈ ಹುಡುಗ ಬಸ್ಸಿನ ಟಿಕೀಟು ತೆಗೆಸಿ ನೋಡುತ್ತಾನೆ! ಅದೂ ಸುಮ್ಮನೆ ಕೂತು! ನಮ್ಮ ವಂಶದಲ್ಲಿ ಕುಡಿದವರಿದ್ದಾರೆ, ಜಗಳಾಡಿ ತಲೆ ಒಡೆಸಿಕೊಂಡವರಿದ್ದಾರೆ. ಸುಮ್ಮನೆ ಕೂತವರು ಒಬ್ಬರೂ ಇಲ್ಲ. ಮೈಗಳ್ಳ ಅಳಿಯ ಬಂದರೆ ನಮ್ಮ ಮನೆಯಲ್ಲಿ ಅದೇ ಮೊದಲು.

ನನ್ನ ಮುಖ ನೋಡಿ ಹುಡುಗ ತನ್ನ ಚೀಲದಿಂದ ಒಂದು ಪುಸ್ತಕ ತೆಗೆದು ಎರಡೂ ಕೈಯಿಂದ ಕೊಟ್ಟ. ಬಿಸಿನೀರಿನ ಬುಗ್ಗೆಗಳನ್ನು, ನೆಲದಿಂದ ಚಿಮ್ಮುವ ಬಿಸಿನೀರಿನ ಕಾರಂಜಿಗಳನ್ನು ನೋಡಲು ಹೋಗುವವರಿಗಾಗಿ ಮಾಡಿದ ಮರಾಠಿ ಕೈಪಿಡಿ. ಜೇಬಿನಲ್ಲಿ ಹಿಡಿಯುವ ಅಳತೆ, ತುಂಬ ಬಣ್ಣದ ಚಿತ್ರ. "ಮಾಮಾ, ಏಕ್ ಬಾರ್ ದೇಖ್ ಲೀಜಿಯೆ" ಎಂದ. ಒಳಗಿಂದ ಸುವರ್ಣಾ, "ಪಪ್ಪಾ, ನಾನು ಓದಿ ಹೇಳ್ಲೇನು?" ಎಂದಳು. ನನಗೆ ಅಭಿಮಾನ ಕೆರಳಿತು. ಮರಾಠಿ ಓದಲು ನಾನು ಯಾವ ಮಾಸ್ತರನಿಂದಲೂ ಕಲಿತಿಲ್ಲ. ಸ್ಟೇಶನ್ನಿನ ಬೋರ್ಡು, ಅಂಗಡಿಯ ಹೆಸರಿನ ಪಾಟಿ ನೋಡಿ ಕಲಿತದ್ದು. ಅಂಗಡಿಯ ಪಾಟಿಗಿಂತ ದೊಡ್ಡದು ಏನಿದ್ದೀತು ಇದರಲ್ಲಿ? "ನಾನ ಓದ್ತೀನಿ" ಎಂದು ಪುಸ್ತಕ ಕಿಸೆಗೆ ಹಾಕಿಕೊಂಡೆ.

ಅವರು ಹೋದ ಮೇಲೆ ನಮ್ಮಾಕೆ ಗೌರವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹುಡುಗಿ ಒಪ್ಯಾಳ. ನಾನೂ ಒಪ್ಪೀನಿ. ನೀವೊಬ್ರ ಉಳಿದೀರಿ." ನಾನು, "ನೋಡೂಣು" ಎಂದೆ. ಆಗ ಸುವರ್ಣಾ ಹೊರಗೆ ಬಂದು ಮರಾಠಿಯಲ್ಲಿ ಒಂದು ಮಾತು ಹೇಳಿದಳು. ಅವಳಿಗೆ ಮನಸ್ಸಿನ ಮಾತು ಬರುವುದು ಆ ಭಾಷೆಯಲ್ಲಿಯೇ. 'ನನ್ನದು ಹೌದು. ನಿಮ್ಮ ಹೌದು ಬರದೆ ನಾನು ಮದುವೆ ಆಗುವುದಿಲ್ಲ. ಆದರೆ ಆಮೇಲೆ ಬೇರೆ ಹುಡುಗನನ್ನು ಕರೆಸಬೇಡಿ' ಎಂಬುದು ಅದರ ಅರ್ಥ. ಅಷ್ಟು ಹೇಳಿ ಮತ್ತೆ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಪಾತ್ರೆ ತಿಕ್ಕುವವಳಿಗೆ ಏನು ಸಮಾಧಾನ ಹೇಳುವುದು? ಮೇಲಾಗಿ ಅವತ್ತು ಪಾತ್ರೆ ತಿಕ್ಕುವ ಪಾಳಿ ಅವಳದಲ್ಲ, ನನ್ನದು.

ಆ ವಾರವೆಲ್ಲ ಊಟದ ಸೂಟಿಯಲ್ಲಿ ಬಾಯ್ಲರಿನ ಮುಂದೆ ಕೂತು ಕೈಪಿಡಿ ಓದಿದೆ. ಬೆರಳಿಟ್ಟು ಓದುವುದು ನನ್ನ ಪದ್ಧತಿ. ಬೆರಳು ತೆಗೆದರೆ ಸಾಲು ಓಡಿಹೋಗುತ್ತದೆ. ಬಿಳಿ ಪೊರೆಗಟ್ಟಿದ ನೆಲದ ಮೇಲೆ ಕಾಲಿಡಬೇಡಿ, ಕೆಳಗೆ ಟೊಳ್ಳಿರಬಹುದು ಎಂದಿತ್ತು, ಒಪ್ಪುವಂಥ ಮಾತು. ನೀರಿನ ಅಂಚಿನ ಹಸಿರು, ಕಿತ್ತಳೆ ಬಣ್ಣ ಕೊಳೆಯಲ್ಲ, ಜೀವವಿರುವಂಥದ್ದು ಎಂದಿತ್ತು, ಇರಲಿ. ದೂರ ದೇಶದಲ್ಲಿ ಕೆಲವು ಕಾರಂಜಿಗಳು ಗಡಿಯಾರ ಇಟ್ಟುಕೊಂಡಂತೆ ಹೊತ್ತಿಗೆ ಸರಿಯಾಗಿ ಚಿಮ್ಮುತ್ತವೆ ಎಂದಿತ್ತು. ನಮ್ಮ ಕಸಾರಾ ಲೋಕಲ್ ರೈಲಿನ ಮೋಟರಮನ್‌ಗೆ ಆ ಪುಟ ಹರಿದು ಕೊಡಬೇಕು ಅನ್ನಿಸಿತು. ಆದರೆ ನೋಡುವ ಕ್ರಮ ಎಂಬ ಭಾಗದಲ್ಲಿ ಮೊಟ್ಟಮೊದಲ ಸೂಚನೆ ಹೀಗಿತ್ತು: ಬುಗ್ಗೆಯ ಹತ್ತಿರ ಹೋದಮೇಲೆ ಮೊದಲು ಸ್ವಲ್ಪ ಹೊತ್ತು ಏನನ್ನೂ ಮಾಡಬೇಡಿ. ನಾನು ಬೆರಳು ಹಿಂದಕ್ಕೆ ತಂದು ಮತ್ತೆ ಓದಿದೆ. ಅದನ್ನೇ ಬರೆದಿದ್ದರು. ಏನನ್ನೂ ಮಾಡಬೇಡಿ ಎಂದು ಹೇಳಲಿಕ್ಕೆ ಒಂದು ಪುಸ್ತಕ! ನಮ್ಮ ಫೋರಮನ್ ಇದನ್ನು ಓದಿದರೆ ಅವನಿಗೆ ಪಿತ್ತ ನೆತ್ತಿಗೇರುತ್ತದೆ. ಹುಡುಗ ಎಲ್ಲಿ ಕೆಟ್ಟ ಎಂಬುದು ಸಿಕ್ಕಿತು ಅಂದುಕೊಂಡೆ.

ಗೌರವ್ವನಿಗೆ ಹೇಳಿದೆ. ಅವಳು, "ಪುಸ್ತಕ ನೋಡಿ ಅಳಿಯನ್ನ ಆರಿಸಬ್ಯಾಡ್ರಿ. ಒಂದು ರವಿವಾರ ಅವನ ಜೋಡಿ ಹೋಗಿ ಕಣ್ಣಾರೆ ನೋಡಿ ಬರ್ರಿ" ಎಂದಳು. ನಮ್ಮ ಮಾವನವರು ನನ್ನನ್ನು ಒಪ್ಪಿದ್ದೂ ಹಾಗೆಯೇ. ಮಾತಿಲ್ಲ ಕತೆಯಿಲ್ಲ, ಜೋಳದ ಚೀಲ ತೋರಿಸಿ ಅಟ್ಟಕ್ಕೆ ಏರಿಸು ಎಂದಿದ್ದರು. ಏರಿಸಿದೆ, ಹೆಣ್ಣು ಕೊಟ್ಟರು. ಚೀಲ ಅಲ್ಲಿ ಇಡಬೇಕಾಗಿಯೇ ಇರಲಿಲ್ಲವಂತೆ, ನಾನು ಹೋದ ಮೇಲೆ ತಾವೇ ಇಳಿಸಿಕೊಂಡರಂತೆ. ಈ ಹುಡುಗನಿಗೆ ಯಾವ ಚೀಲ ತೋರಿಸಲಿ?

ಅಂತೂ ಆ ರವಿವಾರ ಹುಡುಗನ ಜೋಡಿ ಹೊರಟೆ. ಠಾಣೆಯಿಂದ ಎಸ್‌ಟಿ ಬಸ್ಸು ಹಿಡಿದು ವಜ್ರೇಶ್ವರಿ, ಅಲ್ಲಿಂದ ಅಕಲೋಲಿ. ಇಷ್ಟು ವರ್ಷ ಇಲ್ಲಿದ್ದು ನಾನು ಒಮ್ಮೆಯೂ ಆ ಕಡೆ ಹೋದವನಲ್ಲ. ಡ್ಯೂಟಿ ಮುಗಿಸಿದವನು ಮತ್ತೆ ಬಿಸಿನೀರು ನೋಡಲು ಯಾಕೆ ಹೋಗುತ್ತಾನೆ? ಚಳಿಗಾಲದ ಮುಂಜಾನೆ. ತಾನಸಾ ನದಿಯ ದಂಡೆ, ಕಲ್ಲು ಕಟ್ಟಿದ ಕುಂಡಗಳು, ಅಂದರೆ ಬಿಸಿನೀರಿನ ಹೊಂಡಗಳು, ಅವುಗಳ ಮೇಲೆ ತೆಳ್ಳಗೆ ಉಗಿ. ಹುಡುಗ ಒಂದು ಕಟ್ಟೆ ತೋರಿಸಿದ. ಕೂತೆವು. ಅವನು ಏನನ್ನೂ ಮಾಡಲಿಲ್ಲ. ನಾನೂ ಮಾಡಬಾರದು ಎಂದು ಕೈಕಟ್ಟಿದೆ. ಕುಂಡದ ತಳದಿಂದ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ನಾಲ್ಕು ಗುಳ್ಳೆ ಏಳುವಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಕಟ್ಟು ಬಿಚ್ಚಿಕೊಂಡು ಗಾಳಿಯಲ್ಲಿ ವಾಲ್ವು ಹುಡುಕತೊಡಗಿತು.

"ಇದಕ್ಕ ಸೇಫ್ಟಿ ವಾಲ್ವ್ ಎಲ್ಲೈತಿ?" ಎಂದು ಕೇಳಿಯೇಬಿಟ್ಟೆ.

ಹುಡುಗ ನಗಲಿಲ್ಲ. ಯೋಚಿಸಿ, "ಮಾಮಾ, ಝಮೀನ್ ಕಾ ಸೇಫ್ಟಿ ವಾಲ್ವ್ ತೋ ಯಹೀ ಹೈ" ಎಂದ.

ನೆಲಕ್ಕೆ ಇದೇ ಸೇಫ್ಟಿ ವಾಲ್ವು! ಮಾತು ಸರಿಯೇ. ಆದರೆ ಒಳಗೆ ಒಂದು ಸಂಕಟ ಶುರುವಾಯಿತು. ಇದ್ದಿಲಿಲ್ಲ, ಗ್ಯಾಸಿಲ್ಲ, ಶಿಫ್ಟಿಲ್ಲ, ಸಾಹೇಬನ ಸಹಿ ಇಲ್ಲ. ನೀರು ಪುಕ್ಕಟೆ ಕುದಿಯುತ್ತಿದೆ. ನಾನು ಕಣ್ಣಲ್ಲಿ ಎಣ್ಣೆ ಹಾಕಿಕೊಂಡು ಮಾಡುವ ಕೆಲಸ ಇಲ್ಲಿ ಮನುಷ್ಯರೇ ಇಲ್ಲದೆ ನಡೆದಿದೆ. ಇದು ನಮ್ಮ ಮಾಲಕರಿಗೆ ಗೊತ್ತಾಗದಿದ್ದರೆ ಸಾಕು.

ಅಷ್ಟರಲ್ಲಿ ಠಾಣೆಯ ವರ್ತಕ ನಗರದ ಒಂದು ದೊಡ್ಡ ಕುಟುಂಬ ಟೆಂಪೊದಿಂದ ಇಳಿಯಿತು. ಅವರಲ್ಲಿ ಹೊಟ್ಟೆ ಮುಂದಿದ್ದ ಒಬ್ಬರು ಟಾವೆಲು ಸುತ್ತಿಕೊಂಡು, ಎಲ್ಲಕ್ಕಿಂತ ಬಿಸಿಯಾದ ಕುಂಡದ ಅಂಚಿಗೆ ಬಂದು, ಹಾರುವವರ ಹಾಗೆ ಮೊಣಕಾಲು ಬಗ್ಗಿಸಿದರು. ನನಗೆ ಪುಸ್ತಕವೂ ಮರೆತುಹೋಯಿತು, ಅಳಿಯನೂ ಮರೆತುಹೋದ. "ಏ ಭಾವೂ! ಥಾಂಬಾ! ನಿಲ್ರಿ!" ಎಂದು ಎದ್ದು ಕೂಗಿದೆ. ಬಾಯ್ಲರಿನ ಸದ್ದಿನ ಮೇಲೆ ಕೂಗಿ ಬೆಳೆದ ಗಂಟಲು. ಅವರು ನಿಂತರು, ಆಚೆ ಕುಂಡದವರು ನಿಂತರು, ಪ್ರಸಾದ ಮಾರುವವಳು ಕೂಡ ನಿಂತಳು.

"ನೀವು ಯಾರು?" ಎಂದು ಹೊಟ್ಟೆಯವರು ಮರಾಠಿಯಲ್ಲಿ ಕೇಳಿದರು.

"ಬಾಯ್ಲರ್ ಅಟೆಂಡಂಟ್" ಎಂದೆ ಎದೆ ಉಬ್ಬಿಸಿ.

ಯಾವ ಬಾಯ್ಲರು ಎಂದು ಯಾರೂ ಕೇಳಲಿಲ್ಲ. ಕುಂಡಕ್ಕೆ ಸರಕಾರ ಇಟ್ಟ ಮನುಷ್ಯ ಇವನೇ ಎಂದು ಎಲ್ಲರೂ ತಿಳಿದರು, ನಾನು ತಿದ್ದಲಿಲ್ಲ. ತಿದ್ದಲು ಪುರಸೊತ್ತು ಎಲ್ಲಿತ್ತು? ಮಕ್ಕಳು ಆ ಕಡೆಯ ಉಗುರುಬೆಚ್ಚಗಿನ ಕುಂಡಕ್ಕೆ. ದೊಡ್ಡವರು ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ದೇವರ ಹೆಸರು. ಎದೆನೋವು ಇದ್ದವರು ಕೈ ಎತ್ತಿ. ಒಬ್ಬ ಮುದಿ ಆಜಿಬಾಯಿ ನೀರಿಗೆ ಇಳಿಯುವಾಗಲೂ ಏರುವಾಗಲೂ, "ಸಾಹೇಬ, ಸಾಕಾ?" ಎಂದು ನನ್ನ ಅಪ್ಪಣೆ ಕೇಳಿದಳು, ಹೋಗುವಾಗ ಅರ್ಧ ತೆಂಗಿನಕಾಯಿ ಕೊಟ್ಟು, "ಇಷ್ಟು ಚೆನ್ನಾಗಿ ಡ್ಯೂಟಿ ಮಾಡುವವರನ್ನು ನಾನು ನೋಡಿಲ್ಲ" ಎಂದಳು. ಸೂಟಿಯ ದಿನ ಪಗಾರಿಲ್ಲದೆ ಒಂದು ಶಿಫ್ಟು ಮುಗಿಸಿ ಕಟ್ಟೆಗೆ ಬಂದಾಗ, ಹುಡುಗ ಕೂತಲ್ಲೇ ಕೂತಿದ್ದ. ಅರ್ಧ ತೆಂಗಿನಕಾಯಿಯಲ್ಲಿ ಅರ್ಧ ಅವನಿಗೆ ಕೊಟ್ಟೆ. "ಅಬ್ ಥೋಡಾ ಬೈಠೇಂಗೆ, ಮಾಮಾ?" ಈಗಲಾದರೂ ತುಸು ಕೂರೋಣವೇ ಎಂದು ಮೆಲ್ಲಗೆ ಕೇಳಿದ.

ಈ ಸಲ ನದಿಯ ಪಾತ್ರದೊಳಕ್ಕೇ ಕರೆದುಕೊಂಡು ಹೋದ. ಅಲ್ಲಿ ಕಟ್ಟೆಯಿಲ್ಲ, ಕುಂಡವಿಲ್ಲ, ಮಂದಿಯಿಲ್ಲ. ಕಲ್ಲುಗಳ ನಡುವೆ ಒಂದು ತಟ್ಟೆಯಷ್ಟು ನೀರು. ಅದರ ತಳದಲ್ಲಿ ಮರಳು ಅಕ್ಕಿ ಕುದಿಯುವ ಹಾಗೆ ಸಣ್ಣಗೆ ಕುಣಿಯುತ್ತಿತ್ತು. ಒಂದು ಕಡೆ ತಣ್ಣೀರಿನ ಹೊಳೆ ಹರಿಯುತ್ತಿದೆ, ಅದರ ಮಗ್ಗುಲಲ್ಲಿಯೇ ಇದು ತನ್ನಷ್ಟಕ್ಕೆ ಕಾಯುತ್ತಿದೆ. ಗುಳ್ಳೆಗಳು ಸ್ವಲ್ಪ ಹೊತ್ತು ಸಾಲಾಗಿ ಬರುತ್ತವೆ, ಆಮೇಲೆ ನಿಲ್ಲುತ್ತವೆ. ಮುಗಿಯಿತು ಅನ್ನುವಷ್ಟರಲ್ಲಿ ದೊಡ್ಡದೊಂದು ಬಂದು ಫಟ್ಟನೆ ಒಡೆಯುತ್ತದೆ. ಬಾಯ್ಲರಿನಲ್ಲಿ ನಾನು ಕಂಡದ್ದು ಗಾಜಿನ ನಳಿಗೆಯಲ್ಲಿ ಏರಿಳಿಯುವ ಗೆರೆ, ಗೇಜಿನ ಮುಳ್ಳು, ಅಷ್ಟೇ. ಒಳಗೆ ನೀರು ಏನು ಮಾಡುತ್ತಿರುತ್ತದೆ ಎಂದು ಒಂದು ದಿನವೂ ಕಂಡಿಲ್ಲ, ಕಬ್ಬಿಣ ಅಡ್ಡ. ಆ ನೀರು ಹೀಗೆ ಕುಣಿಯುತ್ತದೆಯೇ? ನಾನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತವನು ಮುಂದಿನ ದೊಡ್ಡ ಗುಳ್ಳೆ ಬರಲಿ, ಎದ್ದೇನು ಅಂದುಕೊಂಡೆ. ಅದು ಬಂತು. ಇನ್ನೊಂದು ಬರಲಿ ಅಂದೆ. ಹುಡುಗ ಚಿವಡಾ ಕೊಟ್ಟ, ತಿಂದೆ. ಏನೋ ಹೇಳಿದ, ಹ್ಞೂಂ ಅಂದೆ. ಕೈ ವಾಲ್ವು ಹುಡುಕಲಿಲ್ಲ. ನಾವು ಹತ್ತಬೇಕಾದ ಬಸ್ಸು ಹೋಯಿತು, ಅದರ ಹಿಂದೆ ಬಂದದ್ದೂ ಹೋಯಿತು. ಹೋಗಲಿ ಬಿಡು, ಬಸ್ಸು ದಿನಾ ನೋಡುತ್ತೇವೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಮರಳು ಹೇಗೆ ಕುಣಿಯುತ್ತದೆ, ಸಾಲು ಗುಳ್ಳೆ ಯಾವುದು, ಒಂಟಿ ಗುಳ್ಳೆ ಯಾವುದು, ಅಂಚಿನ ಹಸಿರು ಯಾಕೆ ಕೊಳೆಯಲ್ಲ. ಗೌರವ್ವ ರೊಟ್ಟಿ ಬಡಿಯುತ್ತ ಕೇಳಿದಳು. ಸುವರ್ಣಾ ಬಾಗಿಲಿಗೆ ಆತು ನಿಂತು, ಸೆರಗಿಲ್ಲದ್ದಕ್ಕೆ ಟಾವೆಲಿನ ತುದಿ ಹಿಂಡುತ್ತ ಕೇಳಿದಳು. ರೊಟ್ಟಿ ಮುಗಿದವು, ನನ್ನ ಮಾತು ಮುಗಿಯಲಿಲ್ಲ.

"ಅದೆಲ್ಲಾ ಖರೆ. ಹುಡುಗ ಹ್ಯಾಂಗ?" ಎಂದಳು ಗೌರವ್ವ.

"ಯಾವ ಹುಡುಗ?" ಎಂದೆ.

ಎಂದ ಮೇಲೆ ನೆನಪಾಯಿತು. ಅವನನ್ನು ನೋಡಲು ಹೋಗಿ ನಾನು ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಮೈಗಳ್ಳನೋ ದುಡಿಯುವವನೋ, ಒಂದೂ ಪರೀಕ್ಷೆ ಮಾಡಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಇಡೀ ದಿನ ಒಬ್ಬ ಮನುಷ್ಯ ನನ್ನ ಪಕ್ಕದಲ್ಲಿದ್ದ, ನನಗೆ ಒಂದು ಸಲವೂ ಬೇಜಾರಾಗಲಿಲ್ಲ. ಅಂಥ ಮನುಷ್ಯ ನನ್ನ ಮಗಳ ಪಕ್ಕದಲ್ಲಿ ಆಯುಷ್ಯವಿಡೀ ಇರಲಿ ಅನ್ನಿಸಿತು. "ನಂದು ಹೌದು" ಎಂದೆ. ಸುವರ್ಣಾ ಟಾವೆಲನ್ನು ನನ್ನ ತಲೆಯ ಮೇಲೆ ಎಸೆದು ಒಳಗೆ ಓಡಿದಳು. ಗೌರವ್ವ ಸಕ್ಕರೆ ಡಬ್ಬಿ ತಂದು ಒಂದು ಹಿಡಿ ನನ್ನ ಬಾಯಿಗೆ ಹಾಕಿದಳು, ನಾನು ಇನ್ನೂ ಗುಳ್ಳೆಯ ಮಾತು ಆಡಬಾರದು ಎಂದೂ ಇರಬಹುದು.

ಮರುದಿನ ಮುಂಜಾನೆ ಚಹಾದ ಹೊತ್ತಿಗೆ ಗೌರವ್ವ ಶುಭವಾರ್ತೆ ಹೇಳಲು ನೀಲಮ್ಮನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಏನೋ ಬಂತು. ಗೌರವ್ವನಿಗೆ ನಗು ಹತ್ತಿ, ಫೋನು ಇಟ್ಟ ಮೇಲೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಸಂಗತಿ ಏನೆಂದರೆ, ಸಂಶಯ ಅವರಿಗೂ ಇತ್ತಂತೆ. ಹುಡುಗಿ ಬಂಗಾರ, ಆದರೆ ಅಪ್ಪ ಸಿಟ್ಟಿನ ಮನುಷ್ಯ, ಹತ್ತಿರ ಹೋದರೆ ಸುಡುತ್ತಾನೆ ಎಂದು ಯಾರೋ ಕಿವಿಯೂದಿದ್ದರಂತೆ. ಅದಕ್ಕೇ ನೀಲಮ್ಮ, "ಒಂದು ದಿವಸ ಜೋಡಿ ಕರ್ಕೊಂಡು ಹೋಗಿ ನೋಡಿ ಬಾ, ಆಮ್ಯಾಲೆ ನಾವು ಹ್ಞೂಂ ಅನ್ನೂಣು" ಎಂದು ಮಗನನ್ನು ಕಳಿಸಿದ್ದಳಂತೆ. ಅಂದರೆ ನಾನು ಗುಳ್ಳೆ ನೋಡುತ್ತ ಕೂತಾಗ ಅವನು ನನ್ನನ್ನು ನೋಡುತ್ತ ಕೂತಿದ್ದ.

"ಏನಂದ್ನಂತ ನನ್ನ ಬಗ್ಗೆ?" ಎಂದೆ.

ಗೌರವ್ವ ಉಸಿರು ತಗೊಂಡು ಹೇಳಿದಳು: "'ಮೊದಲಿಗೆ ಭಾಳ ಆವಾಜ್ ಬರ್ತೈತಿ, ಉಗಿನೂ ಬರ್ತೈತಿ. ಅಂಜಬಾರದು. ದಂಡಿಗೆ ಸುಮ್ಮನ ಕುಂತ್ರ ತಾನ ಇಳೀತೈತಿ. ನೀರು ಛಲೋ ಐತಿ, ಹುಡುಗರನ್ನ ಕರ್ಕೊಂಡು ಹೋಗಾಕ ಅಡ್ಡಿ ಇಲ್ಲ' ಅಂದ್ನಂತ."

ನನಗೆ ಎಲ್ಲಿತ್ತೋ ಸಿಟ್ಟು. ಕಪ್ಪು ಕೆಳಗಿಟ್ಟೆ, ಎದ್ದು ನಿಂತೆ, ಬಾಯಿ ತೆಗೆದೆ. ತಾಯಿ ಮಗಳು ಇಬ್ಬರೂ ತಂತಮ್ಮ ಚಹಾ ಹಿಡಿದುಕೊಂಡು, ಗೋಡೆಗೆ ಒರಗಿ, ನಾನು ಇಳಿಯುವುದನ್ನೇ ಕಾಯುತ್ತ ಆರಾಮಾಗಿ ಕೂತರು.