ಪರದೆ ಏಳುವ ಮೊದಲಿನ ಭೈರವಿ

ನನ್ನ ದೂರು ಇಷ್ಟೇ: ನಮ್ಮ ಕಡೆಯ ನಾಟಕಗಳಲ್ಲಿ ಪರದೆ ಏಳುವ ಮುಂಚಿನ ಸಂಗೀತಕ್ಕೆ ಕಿಂಚಿತ್ತೂ ಮರ್ಯಾದೆಯಿಲ್ಲ. ಪೇಟಿ (ಅಂದರೆ ಹಾರ್ಮೋನಿಯಂ) ಒಮ್ಮೆ ಕಿರುಚುತ್ತದೆ, ತಬಲಾ ಅದರ ಬೆನ್ನು ಹತ್ತುತ್ತದೆ, ಯಾದಗಿರಿ ಸ್ಟೇಷನ್ನಿನಲ್ಲಿ ಹೊರಟ ರೈಲು ಹಿಡಿಯುವವರಂತೆ ಇಬ್ಬರೂ ಓಡಿ ಓಡಿ ಏದುಸಿರು ಬಿಡುವಷ್ಟರಲ್ಲಿ ಪರದೆ ಮೇಲೆ!

ವಡಗೇರಾದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಈ ಶಾಂತಪ್ಪ ಸಂಜೆಯ ಹೊತ್ತು ಪೇಟಿ ಮಾಸ್ತರ. ಕೊಂಕಲ್‌ನ ಗೆಳೆಯರು ತಮ್ಮ ನಾಟಕಕ್ಕೆ ಕರೆದಾಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ನಾಟಕದ ರಾಜ ಕೊನೆಯ ಅಂಕದಲ್ಲಿ ಸಾಯುತ್ತಾನೆ. ಆ ಶೋಕದ ನೆರಳು ಮೊದಲ ಸ್ವರದಲ್ಲೇ ಬೀಳಬೇಡವೇ? ಆದ್ದರಿಂದ ಲಯ ವಿಳಂಬ, ಶ್ರುತಿ ತಗ್ಗಿನ ಬಿಳಿ ಒಂದು, ಅಂದರೆ ಪೇಟಿಯ ಮೊದಲ ಬಿಳಿ ಮನೆ, ರಾಗ ಭೈರವಿ. (ವಿಳಂಬ ನನಗೆ ಹೊಸದಲ್ಲ, ಕಚೇರಿಯಲ್ಲಿ ಅದರ ನಿತ್ಯ ಸಾಧನೆಯಿದೆ.)

ಮನೆಯಲ್ಲಿ ತಾಲೀಮು ಶುರು ಮಾಡಿದ ಮೊದಲ ಸಂಜೆಯೇ ಪಕ್ಕದ ಮನೆಯ ನಜೀಮಾ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಚಹಾದ ಕಿಟ್ಲಿ ಹಿಡಿದು ಬಂದಳು.

"ಚಂದ್ರಕಲಾ ಅಕ್ಕಾ, ಯಾರ ಹೋಗ್ಯಾರವ್ವಾ?" ಎಂದು ಕಣ್ಣೊರೆಸಿಕೊಂಡಳು.

"ಯಾರೂ ಹೋಗಿಲ್ಲವ್ವಾ, ನಮ್ಮನಿಯವ್ರು ನಾಟಕದ ಶುರುವಾತು ಬಾರಿಸಾಕತ್ಯಾರ," ಎಂದಳು ನನ್ನ ಹೆಂಡತಿ.

"ಶುರುವಾತು ಹಿಂಗಿದ್ರ ಆಖ್ರಿ ಹ್ಯಾಂಗಿರ್ತದೋ ಅಲ್ಲಾನೇ ಬಲ್ಲ!"

ತಂದ ಚಹಾ ಹಾಳಾಗಬಾರದೆಂದು ಇಬ್ಬರೂ ಕುಳಿತು ಕುಡಿದರು. ಅವಳು ಹೋದ ಮೇಲೆ ಚಂದ್ರಕಲಾ ನನ್ನ ಮೇಲೆ ತಿರುಗಿಬಿದ್ದಳು.

"ರೀ, ಭೈರವಿ ಎಲ್ಲಾ ಮುಗದ ಮ್ಯಾಲ ಹಾಡೋದಲ್ರಿ? ನಮ್ಮ ಸುರಪುರದ ಭಜನ್ಯಾಗ ಭೈರವಿ ಬಂತಂದ್ರ ಜನ ಚಪ್ಪಲ್ ಹುಡುಕ್ತಾರ."

"ಅದನ್ನ ಮೊದಲಿಗಿ ತರೋದಾ ನನ್ನ ಕ್ರಾಂತಿ!"

"ನಿಮ್ಮ ಕ್ರಾಂತಿ ಕಟಗೊಂಡು ನಾ ಏನ್ ಮಾಡ್ಲಿ? ನಮ್ಮ ತಮ್ಮಗ ಹೆಣ್ಣು ಬೇಕಾಗ್ಯದ."

ಇಲ್ಲೊಂದು ವಿಷಯ ಹೇಳಲೇಬೇಕು. ರಾಜನ ಪಾತ್ರ ಮಾಡುವವನು ನನ್ನಾಕೆಯ ತಮ್ಮ ದೇವಿಂದ್ರ. ಅವನಿಗೆ ನೋಡಿದ್ದ ಸಂಬಂಧ ಸುರಪುರದ ಬಸವಂತರಾಯರ ಮಗಳು ದುರ್ಗಾ. ಹುಡುಗನ ಧೈರ್ಯ, ಕಂಠ, ನಿಲುವು ಮೂರನ್ನೂ ನಾಟಕದಲ್ಲೇ ನೋಡಿ ತೀರ್ಮಾನಿಸುತ್ತೇವೆಂದು ತಂದೆ ಮಗಳು ಬರುವವರಿದ್ದರು.

ದೇವಿಂದ್ರನೂ ಬಂದು ಗೋಗರೆದ. "ಮಾಮಾ, ನಂದು ಬಿಳಿ ನಾಕು. ಬಿಳಿ ಒಂದರಾಗ ಹಾಡಿದ್ರ ರಾಜ ಬಾವ್ಯಾಗ ಬಿದ್ದಂಗ ಕೇಳಸ್ತದ." ತಬಲಾ ಬಾರಿಸುವ ವಹಾಬ, ನಜೀಮಾಳ ಗಂಡ, ಮೆಲ್ಲಗೆ, "ಮಾಸ್ತರ್, ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡಬರಕ ನನಗ ಆಕಳಿಕಿ ಬರ್ತದ್ರಿ," ಎಂದ. ಕಲೆಯ ಹಾದಿಯಲ್ಲಿ ಇಂಥ ಕಲ್ಲುಮುಳ್ಳು ಇದ್ದದ್ದೇ ಎಂದು ನಾನು ಗಡ್ಡ ನೇವರಿಸಿಕೊಂಡೆ.

ನಾಟಕದ ದಿನ ಕೊಂಕಲ್‌ನಲ್ಲಿ ಜನವೋ ಜನ. ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಬಸವಂತರಾಯರು. ಹೆಂಗಸರ ಕಡೆ ದುರ್ಗಾ, ಅವಳ ಪಕ್ಕ ಚಂದ್ರಕಲಾ, ನಜೀಮಾ. ನಾನು ಕಣ್ಣು ಮುಚ್ಚಿ ಗತ್ತಿನಿಂದ ಭೈರವಿ ಎತ್ತಿಕೊಂಡೆ. ಗತಿಗೆಟ್ಟಿದ್ದು ಗೊತ್ತಾಗಲಿಲ್ಲ. (ಮುಂದಿನದು ನಜೀಮಾ ಆಮೇಲೆ ಹೇಳಿದ್ದು.)

ಮೊದಲು ಹಿರಿಯರೊಬ್ಬರು ಜಮಖಾನ ಮಡಚಿದರಂತೆ. ಅವರನ್ನು ನೋಡಿ ಅವರ ಓಣಿಯವರೆಲ್ಲ ಎದ್ದರಂತೆ. ಬಸವಂತರಾಯರು ಪಕ್ಕದವರನ್ನು, "ಭೈರವಿ ಬಂತಲ್ರಿ, ಮುಗೀತೇನು? ನಾವು ಬರೋದಾ ತಡ ಆತು ಕಾಣಸ್ತದ," ಎಂದು ಕೇಳಿ, ಮಗಳಿಗೆ ಕೈಸನ್ನೆ ಮಾಡಿ ಹೊರಟೇಬಿಟ್ಟರು. ದುರ್ಗಾ ತಂದೆಯ ಹಿಂದೆ ನಡೆದಳು.

ಆಗ ನನ್ನ ಕಿವಿಗೆ ಬಿದ್ದದ್ದು ಚಟಪಟ ಚಪ್ಪಾಳೆ. ಅದರ ಬೆನ್ನಿಗೆ ನನ್ನಾಕೆಯ ಕೂಗು: "ದುರ್ಗಾ! ಏ ದುರ್ಗಾ! ದುರ್ಗಾ!"

ಚಪ್ಪಾಳೆ ತಟ್ಟಿ ಅವಳು ಕರೆದದ್ದು ಹುಡುಗಿಯನ್ನು. ನಾನು ಕೇಳಿಸಿಕೊಂಡದ್ದು ರಾಗವನ್ನು. ಆ ದನಿ ಕೇಳಿದರೆ ನನ್ನ ಕೈ ಮೊದಲು ಒಪ್ಪುತ್ತದೆ, ತಲೆ ಆಮೇಲೆ. ಭೈರವಿಯನ್ನು ಅಲ್ಲೇ ಕೈಬಿಟ್ಟು ದುರ್ಗಾ ರಾಗಕ್ಕೆ ಹಾರಿದೆ. ಶ್ರುತಿ? ಅವಳು ಕೂಗಿದ್ದು ಸರಿಯಾಗಿ ಬಿಳಿ ನಾಲ್ಕರಲ್ಲಿ! ಲಯ? ಅವಳ ಚಪ್ಪಾಳೆಯನ್ನೇ ವಹಾಬ ಹಿಡಿದು, ಇಷ್ಟು ದಿನದ ಆಕಳಿಕೆಯನ್ನೆಲ್ಲ ತಬಲಾದ ಮೇಲೆ ತೀರಿಸಿಕೊಂಡ. ಹೊರಟವರು ನಿಂತರು, ನಿಂತವರು ಕುಳಿತರು. ಪರದೆ ಎದ್ದಿತು. ತನ್ನ ಶ್ರುತಿ ಸಿಕ್ಕ ಖುಷಿಯಲ್ಲಿ ದೇವಿಂದ್ರ ಎದೆ ತುಂಬಿ ಹಾಡುತ್ತ ಬಂದ. ದುರ್ಗಾ ತಿರುಗಿ ನೋಡಿದಳು. ಬಸವಂತರಾಯರು ಅಲ್ಲೇ ಯಾರದೋ ಜಮಖಾನದ ಮೇಲೆ ಕುಸಿದು ಕುಳಿತರು.

ಬೆಳಗಿನ ಜಾವ ನಾಟಕ ಮುಗಿದಾಗ ಅವರು ನನ್ನನ್ನು ಹುಡುಕಿಕೊಂಡು ಬಂದರು. ನಾನು ಪೇಟಿಯ ಹಿಂದೆ ಸರಿದೆ.

"ವಾ ಮಾಸ್ತರ! ಮೊದಲ ಅಳಿಸಿ ಆಮ್ಯಾಲ ಕುಣಿಸಿದ್ರಿ. ಅದರಾಗ ನಮ್ಮ ಮಗಳ ಹೆಸರಿಂದಾ ರಾಗ! ಇಂಥಾ ಬೀಗರು ಎಲ್ಲಿ ಸಿಗ್ತಾರ? ಹುಡುಗ ನಮಗ ಪಸಂದ."

ಎದೆಯ ಮೇಲಿದ್ದ ಬೀಸುಕಲ್ಲು ಇಳಿದಂತಾಯಿತು. ಹೆಂಡತಿಯ ಮುಖವೂ ಅರಳಿತ್ತು. ನಾನಾದರೂ ಸುಮ್ಮನಿರಬಾರದಿತ್ತೇ? "ಎಲ್ಲಾ ಮೊದಲಾ ಯೋಚನಿ ಮಾಡಿ ಕೂಡಿಸಿದ್ದರಿ. ಮದುವ್ಯಾಗೂ ನಾನಾ ಬಾರಿಸ್ತೀನಿ," ಎಂದೆ.

ದುರ್ಗಾ ತಂದೆಯ ಹಿಂದಿನಿಂದ ಇಣುಕಿ ಚಂದ್ರಕಲಾಳಿಗೆ ಹೇಳಿದಳು: "ಅಕ್ಕಾರ, ಮದುವ್ಯಾಗ ಮಾಮಾರ ಪೇಟಿ ಬ್ಯಾಡ್ರಿ. ನೀವಾ ಒಮ್ಮಿ ಕೂಗಿಬಿಡ್ರಿ, ಸಾಕು."

ಹಾಗೇ ಆಯಿತು. ಅಕ್ಷತೆಯ ಹೊತ್ತಿಗೆ ನನ್ನಾಕೆ ಮಂಟಪದಿಂದ ಒಂದು ಕೂಗು ಹಾಕಿದಳು, ಬ್ಯಾಂಡಿನವರು ಬಾರಿಸಿದರು, ದುರ್ಗಾಳ ಕೊರಳಿಗೆ ತಾಳಿ ಬಿತ್ತು. ನನ್ನನ್ನು ಬುಂದೆಯ ಬುಟ್ಟಿ ಕಾಯಲು ಕೂರಿಸಿದ್ದರು. ಯಾರೂ ಬಂದು ರಾಗ ಕೇಳಲಿಲ್ಲ, ತಾಳ ಕೇಳಲಿಲ್ಲ. ನಿಜ ಹೇಳಲೇ? ಅಷ್ಟು ನೆಮ್ಮದಿಯಿಂದ, ಅಷ್ಟು ಬುಂದೆಯನ್ನು, ನಾನು ಯಾವ ಮದುವೆಯಲ್ಲೂ ತಿಂದಿರಲಿಲ್ಲ.